ಅಪ್ಪನ ಡಿಸ್ಚಾರ್ಜ್ ಬುಕ್ ಏಜೆಂಟನ ಕೈಗೆ ಕೊಟ್ಟು ನಾವು ಪಟ್ಟ ಪಾಡು

ಮನೆಯಲ್ಲಿ ಮಿಲಿಟರಿ ಪಿಂಚಣಿ ಬರುವ ಹಿರಿಯರು ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಆಯಿ, ಅಂದರೆ ಅಮ್ಮ, ಹದಿನೆಂಟು ತಿಂಗಳು ಒಂದು ರೂಪಾಯಿ ಪಿಂಚಣಿ ಇಲ್ಲದೆ ಕಳೆದಳು. ಫೌಜಿನ ದಾಖಲೆಯಲ್ಲಿ ಅವಳ ಹೆಸರು ಬೇರೆ ಇತ್ತು, ಅಷ್ಟೇ. ಅದನ್ನು ಬೇಗ ಸರಿ ಮಾಡಿಸಲು ಹೋಗಿ ನಾವು ಇನ್ನೂ ಕೆಡಿಸಿಕೊಂಡೆವು.

ನಾವು ಸದಾಶಿವಗಡದವರು. ಕಾಳಿ ಸೇತುವೆ ದಾಟಿದರೆ ಕಾರವಾರ. ಪರಮವೀರ ಚಕ್ರ ಪಡೆದ ಮೇಜರ್ ರಾಮಾ ರಾಘೋಬಾ ರಾಣೆಯವರ ಚೆಂಡಿಯಾ ನಮ್ಮ ತಾಲೂಕಿನಲ್ಲೇ ಇದೆ. 1948ರಲ್ಲಿ ಜಮ್ಮು ಕಡೆಯ ರಜೌರಿಯ ದಾರಿಯಲ್ಲಿ ಅವರು ನೆಲಬಾಂಬ್ ತೆಗೆದ ಕಥೆ ಕೇಳುತ್ತಲೇ ನಮ್ಮೂರಿನ ಎಷ್ಟೋ ಹುಡುಗರು ಭರ್ತಿಗೆ ಹೋದವರು. ಅಪ್ಪನೂ ಹಾಗೇ 1970ರಲ್ಲಿ ಸೇರಿದರು. 1988ರಲ್ಲಿ ಹವಾಲ್ದಾರರಾಗಿ ಮನೆಗೆ ಬಂದರು. ಅವರು ತಂದ ಕಪ್ಪು ಟ್ರಂಕು ಈಗಲೂ ಇದೆ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು ಇದೆ. ಅದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್, ಅಂದರೆ ಫೌಜಿನಿಂದ ಬಿಡುಗಡೆ ಆಗುವಾಗ ಕೊಡುವ ಸೇವಾ ವಿವರದ ಪುಸ್ತಕ. ಅಪ್ಪ ಅದನ್ನು ದೇವರ ಪಟದ ಹಾಗೆ ಜೋಪಾನ ಮಾಡುತ್ತಿದ್ದರು. ಒಳಗೆ ಏನು ಬರೆದಿದೆ ಅಂತ ನಾವ್ಯಾರೂ ಬಿಡಿಸಿ ನೋಡಲಿಲ್ಲ.

ನಮ್ಮ ಕಡೆ ಮದುವೆಯ ದಿನ ಹುಡುಗಿಗೆ ಹೊಸ ಹೆಸರು ಇಡುವ ಪದ್ಧತಿ ಇತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡು ಉಂಗುರದಿಂದ ಆ ಹೆಸರನ್ನು ಬರೆಯುತ್ತಿದ್ದ. ಆಯಿಗೂ ಹಾಗೇ ಆಯಿತು, 1977ರಲ್ಲಿ. ತವರಿನ ಹೆಸರು ಮೂರಕ್ಷರ, ಗಂಡನ ಮನೆಯ ಹೆಸರು ನಾಲ್ಕಕ್ಷರ. ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಅವಳಿಗೆ ಇಷ್ಟವಿಲ್ಲ. ಆಮೇಲೆ ರೇಷನ್ ಕಾರ್ಡು, ಓಟಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಎಲ್ಲ ಆಗಿದ್ದು ನಾಲ್ಕಕ್ಷರದ ಹೆಸರಿನಲ್ಲೇ. ಆದರೆ ರಜೆ ಮುಗಿಸಿ ಹೋದ ಅಪ್ಪ ಯೂನಿಟ್‌ನಲ್ಲಿ ಕೊಟ್ಟಿದ್ದು ಲಗ್ನಪತ್ರಿಕೆಯನ್ನು. ಅದರಲ್ಲಿ ಇದ್ದಿದ್ದು ತವರಿನ ಹೆಸರು.

ಫೌಜಿನಲ್ಲಿ ಮದುವೆಯಾಗಲಿ, ಮಗು ಹುಟ್ಟಲಿ, ಯೂನಿಟ್‌ನವರು ಒಂದು ಪಾರ್ಟ್ ಟು ಆರ್ಡರ್ ಹೊರಡಿಸುತ್ತಾರೆ. ಅದು ರೆಕಾರ್ಡ್ ಆಫೀಸಿಗೆ ಹೋಗಿ ಆ ಸಿಪಾಯಿಯ ದಾಖಲೆಗೆ ಸೇರುತ್ತದೆ. ಡಿಸ್ಚಾರ್ಜ್ ಬುಕ್ಕಿಗೂ ಪಿಂಚಣಿ ಆದೇಶಕ್ಕೂ, ಅಂದರೆ ಪಿಪಿಒಗೂ, ಹೆಸರು ಇಳಿಯುವುದು ಅಲ್ಲಿಂದಲೇ. ಮೊದಲ ಕಾಗದದಲ್ಲಿ ಏನು ಬಿತ್ತೋ ಕೊನೆಯವರೆಗೂ ಅದೇ. ಐವತ್ತು ವರ್ಷದ ಹಿಂದೆ ಒಬ್ಬ ಕ್ಲರ್ಕ್ ಬರೆದುಕೊಂಡ ಮೂರಕ್ಷರ ನಮ್ಮನ್ನು ಇವತ್ತು ಇಲ್ಲಿಗೆ ತಂದಿತು.

ಇನ್ನೊಂದು ತಪ್ಪೂ ಇತ್ತು. ಫೌಜಿನ ದಾಖಲೆಯಲ್ಲಿ ಆಯಿ ಹುಟ್ಟಿದ ತಾರೀಖು ಅಪ್ಪ ಹೇಳಿದ್ದು, ಸರಿಯಾಗಿಯೇ ಇತ್ತು. ಆಧಾರ್‌ನಲ್ಲಿ ಮಾತ್ರ ಜನವರಿ 1. ಆ ವಯಸ್ಸಿನ ಹೆಂಗಸರಲ್ಲಿ ಎಷ್ಟು ಜನರ ಆಧಾರ್‌ನಲ್ಲಿ ಜನವರಿ 1 ಇದೆ ಅಂತ ನಿಮ್ಮ ಓಣಿಯಲ್ಲೇ ಕೇಳಿ ನೋಡಿ. ಇಸವಿ ಮಾತ್ರ ಹೇಳಿದವರಿಗೆಲ್ಲ ಅದೇ ತಾರೀಖು ಬಿದ್ದಿದೆ.

ಈಗ ನಮ್ಮ ತಪ್ಪಿಗೆ ಬರುತ್ತೇನೆ. 2022ರ ನವೆಂಬರ್‌ನಲ್ಲಿ ಅಪ್ಪನನ್ನು ಜೀವಿತ ಪ್ರಮಾಣ ಪತ್ರಕ್ಕೆ ಒಬ್ಬ ಏಜೆಂಟನ ಅಂಗಡಿಗೆ ಕರೆದುಕೊಂಡು ಹೋದೆ. ಪಿಂಚಣಿ ಆಗ ಬ್ಯಾಂಕಿನಿಂದ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋಗಿತ್ತು. ಮೊದಲ ಸಲ ಲಾಗಿನ್ ಆದಾಗ ಪಿಂಚಣಿದಾರರ ವಿವರ ಎಲ್ಲ ತೋರಿಸಿ, ಸರಿ ಇದೆಯಾ ಅಂತ ಕೇಳುತ್ತದೆ. ಹೆಂಡತಿಯ ಹೆಸರು, ಹುಟ್ಟಿದ ತಾರೀಖು, ಎಲ್ಲ ಅದರಲ್ಲಿ ಇರುತ್ತದೆ. ಅಪ್ಪ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾನು ಹೊರಗೆ ಫೋನಿನಲ್ಲಿದ್ದೆ. ಏಜೆಂಟ್ ಪರದೆಯನ್ನು ನಮ್ಮ ಕಡೆ ತಿರುಗಿಸಲೇ ಇಲ್ಲ. ಎಲ್ಲದಕ್ಕೂ ಸರಿ ಅಂತ ಒತ್ತಿ, "ಆಯ್ತು ಅಣ್ಣಾ, ಮುನ್ನೂರು ಕೊಡಿ" ಅಂದ. ಮೊಬೈಲ್ ನಂಬರಿನ ಜಾಗದಲ್ಲಿ ತನ್ನ ನಂಬರನ್ನೇ ಹಾಕಿದ್ದ. ಅಪ್ಪನಿಗೆ ಒಟಿಪಿ ನೋಡಲು ಬರುವುದಿಲ್ಲ, ಅದಕ್ಕೆ ಹಾಗೆ ಮಾಡಿದೆ ಅಂತ ಆಮೇಲೆ ಹೇಳಿದ. ಹದಿಮೂರು ತಿಂಗಳು ಅಪ್ಪನ ಪಿಂಚಣಿಯ ಸಂದೇಶಗಳೆಲ್ಲ ಅವನ ಮೊಬೈಲಿಗೆ ಹೋಗುತ್ತಿದ್ದವು. ನಮಗೆ ಗೊತ್ತೇ ಇರಲಿಲ್ಲ.

ಅವತ್ತು ನಾನು ಎರಡು ನಿಮಿಷ ಒಳಗೆ ಬಂದು ಪರದೆ ನೋಡಿದ್ದರೆ ಸಾಕಿತ್ತು. ಅಪ್ಪ ಇನ್ನೂ ಇದ್ದರು. ಸಿಪಾಯಿ ತಾನೇ "ಇವಳೇ ನನ್ನ ಹೆಂಡತಿ, ಮದುವೆಯಲ್ಲಿ ಹೆಸರು ಬದಲಾಗಿದೆ" ಅಂತ ಬರೆದುಕೊಡುವುದಕ್ಕೂ, ಅವನು ಹೋದ ಮೇಲೆ ವಿಧವೆ ತಾನೇ ಆ ಹೆಂಡತಿ ಅಂತ ಸಾಬೀತು ಮಾಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

2023ರ ಡಿಸೆಂಬರ್‌ನಲ್ಲಿ ಅಪ್ಪ ಹೋದರು. ಹದಿಮೂರನೇ ದಿನ ಮುಗಿಸಿ ಕುಟುಂಬ ಪಿಂಚಣಿಗೆ ಅಂತ ಅದೇ ಏಜೆಂಟನ ಹತ್ತಿರ ಹೋದೆವು. ಅವನು ಡಿಸ್ಚಾರ್ಜ್ ಬುಕ್ ತಿರುವಿ, "ಹೆಸರು ಬೇರೆ ಇದೆಯಲ್ಲ, ಫೌಜಿನ ದಾಖಲೆ ತಿದ್ದಿಸಲು ವರ್ಷಗಟ್ಟಲೆ ಬೇಕು. ಆಧಾರ್‌ನಲ್ಲೇ ಹೆಸರು ಬದಲಿಸಿಬಿಡೋಣ, ಹದಿನೈದು ದಿನದ ಕೆಲಸ" ಅಂದ. ಆಯಿಯ ಇಸಿಎಚ್‌ಎಸ್ ಕಾರ್ಡಿನಲ್ಲಿ, ಅಂದರೆ ಮಾಜಿ ಸೈನಿಕರ ಕುಟುಂಬಕ್ಕೆ ಕೊಡುವ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ, ತವರಿನ ಹೆಸರೇ ಇತ್ತು. (ಆ ಕಾರ್ಡು ಹಿಡಿದು ಎಷ್ಟು ಸಲ ಆಸ್ಪತ್ರೆಗೆ ಹೋಗಿದ್ದೇವೆ, ಆಗಲಾದರೂ ನಮ್ಮ ತಲೆಗೆ ಹೊಳೆಯಬೇಕಿತ್ತು.) ಅದನ್ನೇ ಹಚ್ಚಿ ಆಧಾರ್ ತಿದ್ದಿಸಿದ. ಅಫಿಡವಿಟ್ಟಿಗೆ, ಅರ್ಜಿಗೆ, ಓಡಾಟಕ್ಕೆ ಅಂತ ಎಲ್ಲ ಸೇರಿ ಹದಿಮೂರು ಸಾವಿರ ತೆಗೆದುಕೊಂಡ. ಮೂಲ ಡಿಸ್ಚಾರ್ಜ್ ಬುಕ್ ಕೂಡ ತನ್ನ ಹತ್ತಿರವೇ ಇರಲಿ ಅಂದ. ನಾವು ಕೊಟ್ಟೆವು.

ಅರ್ಜಿ ಜೂನ್‌ನಲ್ಲಿ ವಾಪಸ್ ಬಂತು. ಆಧಾರ್‌ನಲ್ಲಿ ಈಗ ತವರಿನ ಹೆಸರು, ಪಾಸ್‌ಬುಕ್‌ನಲ್ಲಿ ಗಂಡನ ಮನೆಯ ಹೆಸರು. ಅಪ್ಪನ ಮರಣ ಪತ್ರದಲ್ಲಿ ಹೆಂಡತಿಯ ಹೆಸರು ಅಂತ ಇದ್ದಿದ್ದೂ ಅದೇ ನಾಲ್ಕಕ್ಷರದ್ದು. ಗಂಡ ಸತ್ತ ಎರಡೇ ತಿಂಗಳಿಗೆ ಆಧಾರ್‌ನಲ್ಲಿ ಹೆಸರು ಬದಲಾಗಿದ್ದು ನೋಡಿದರೆ ಯಾರಿಗಾದರೂ ಸಂಶಯ ಬರುತ್ತದೆ ಅಲ್ವಾ? ಅದರ ಮೇಲೆ ಏಜೆಂಟ್ ಬರೆಸಿದ ಅಫಿಡವಿಟ್‌ನಲ್ಲಿ ಮದುವೆಯ ವರ್ಷ 1979 ಅಂತ ಇತ್ತು. ದಾಖಲೆಯಲ್ಲಿ 1977. ಆಯಿ ಓದದೆ ಸಹಿ ಮಾಡಿದ್ದಳು, ನಾನೂ ಓದಿರಲಿಲ್ಲ. ಬ್ಯಾಂಕಿನವರು ಕೆವೈಸಿ ಹೊಂದುವುದಿಲ್ಲ ಅಂತ ಅವಳ ಸ್ವಂತ ಉಳಿತಾಯದ ಖಾತೆಗೂ ತಡೆ ಹಾಕಿದರು. ಮೀನು ಮಾರುವವಳಿಗೆ ಕೊಡಲು ಅವಳು ನನ್ನ ಹತ್ತಿರ ಐವತ್ತು ರೂಪಾಯಿ ಕೇಳಿದ ದಿನ ಇನ್ನೂ ನೆನಪಿದೆ. ಐವತ್ತು ವರ್ಷ ಸಂಸಾರ ನಡೆಸಿದ ಹೆಂಗಸು, ಕೇಳುವಾಗ ನನ್ನ ಮುಖ ನೋಡಲಿಲ್ಲ.

ಏಜೆಂಟ್ ಫೋನ್ ಎತ್ತುವುದು ನಿಲ್ಲಿಸಿದ. ಡಿಸ್ಚಾರ್ಜ್ ಬುಕ್ ವಾಪಸ್ ತರಲು ನಾಲ್ಕು ಸಲ ಹೋದೆ. 2024ರ ಆಗಸ್ಟ್‌ನಲ್ಲಿ ಹಳೇ ಕಾಳಿ ಸೇತುವೆ ಬಿತ್ತಲ್ಲ, ಅದೇ ವಾರ ಹೊಸ ಸೇತುವೆಯ ಮೇಲೆ ಸಾಲಿನಲ್ಲಿ ನಿಂತು ಆಚೆ ಹೋಗಿ, ಅವನ ಅಂಗಡಿ ತೆರೆಯುವವರೆಗೆ ಕಾದು ಕೂತು ತಂದೆ. ಹೊಲಿಗೆ ಬಿಟ್ಟಿತ್ತು, ಒಂದು ಹಾಳೆಯ ಮೂಲೆ ಹರಿದಿತ್ತು. ಹೆಂಡತಿಯ ಹೆಸರಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ ನಾಲ್ಕಕ್ಷರದ ಹೆಸರು ಗೀಚಿ ಅಳಿಸಿದ ಗುರುತು. ಅದನ್ನು ನೋಡಿ ಕೈ ನಡುಗಿತು. ಮೂಲ ದಾಖಲೆಯಲ್ಲಿ ಕೈ ಆಡಿಸಿದ ಗುರುತು ಇದ್ದರೆ ಅದಕ್ಕೆ ಯಾರು ಬೆಲೆ ಕೊಡುತ್ತಾರೆ?

ಆಮೇಲೆ ದಾರಿ ತೋರಿಸಿದವರು ನಮ್ಮ ಓಣಿಯ ನಿವೃತ್ತ ಸುಬೇದಾರ್ ಕಾಕಾ. ಎಲ್ಲ ಕೇಳಿ ಅವರ ಬಾಯಿಂದ ಬಂದ ಮೊದಲ ಮಾತು, "ಆಧಾರ್ ಯಾಕೆ ಮುಟ್ಟಿದೆ ಮಾರಾಯಾ?" ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಲು ಬಿಡುತ್ತಾರೆ, ಹುಟ್ಟಿದ ತಾರೀಖನ್ನು ಒಂದೇ ಸಲ. ಆಯಿಯ ಒಂದು ಸಲ ಏಜೆಂಟ್ ಹಾಳು ಮಾಡಿದ್ದ. ಹಿಂದಿನ ಹೆಸರಿಗೆ ತರಲು ಎರಡನೆಯದೂ ಹೋಯಿತು. ಓಟಿನ ಚೀಟಿಯಲ್ಲಿ ಆ ನಾಲ್ಕಕ್ಷರದ ಹೆಸರು ಇದ್ದಿದ್ದರಿಂದ ಅದಾದರೂ ಆಯಿತು.

ಕಾಕಾ ನನ್ನನ್ನು ಕಾರವಾರದ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿ ಕೂತು ಅರ್ಜಿ ಬರೆಸಿದೆವು, ಯಾರಿಗೂ ದುಡ್ಡು ಕೊಡಬೇಕಾಗಲಿಲ್ಲ. ಮೊದಲು ಮಾಡಿದ್ದು, ಆ ಹಳೇ ಪಾರ್ಟ್ ಟು ಆರ್ಡರಿನ ನಕಲು ತರಿಸಿದ್ದು. ಮಾಹಿತಿ ಹಕ್ಕು ಅರ್ಜಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಆಯಿಯ ಗುರುತಿನ ಕಾಗದ, ಅಪ್ಪನ ನಂಬರು, ರ‍್ಯಾಂಕು. 30 ದಿನದೊಳಗೆ ಉತ್ತರ ಕೊಡಬೇಕು ಅಂತ ಕಾನೂನೇ ಇದೆ. ನಮಗೆ ಇಪ್ಪತ್ತಾರನೇ ದಿನ ಲಕೋಟೆ ಬಂತು. ಟೈಪ್ ಮಾಡಿದ ಹಳೇ ಹಾಳೆಯ ಜೆರಾಕ್ಸ್. ಮದುವೆಯ ತಾರೀಖು, ಊರು, ಆಯಿಯ ತವರಿನ ಹೆಸರು, ಅವಳ ಅಪ್ಪನ ಹೆಸರು. ಆಯಿ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದಳು. ತನ್ನ ಅಪ್ಪನ ಹೆಸರು ಫೌಜಿನ ಕಾಗದದಲ್ಲಿ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಆ ಕಾಗದವೇ ನಮ್ಮನ್ನು ಉಳಿಸಿದ್ದು. ಏನು ಬರೆದಿದೆ ಅಂತ ಕಣ್ಣಾರೆ ನೋಡಿದ ಮೇಲೆ ಅದಕ್ಕೆ ಸರಿಯಾಗಿ ಹೊಸ ಅಫಿಡವಿಟ್ ಮಾಡಿಸಿದೆವು. ಇಂಥ ತಾರೀಖಿಗೆ ಮದುವೆ, ಇಂಥ ಹೆಸರು ಹೀಗೆ ಬದಲಾಯಿತು, ಎರಡೂ ಹೆಸರಿನವಳು ನಾನೇ. ಹಿಂದಿನ ಅಫಿಡವಿಟ್‌ನಲ್ಲಿ ವರ್ಷ ತಪ್ಪಿತ್ತು, ಆಧಾರ್‌ನಲ್ಲಿ ಹೆಸರು ಹೀಗೆ ಬದಲಾಗಿ ವಾಪಸ್ ಬಂತು ಅನ್ನುವುದನ್ನೂ ಮುಚ್ಚಿಡದೆ ಬರೆದೆವು. ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಇಡೀ ಪುಟವನ್ನೇ ತೆಗೆದಿಟ್ಟೆವು. ಎಲ್ಲವೂ ಸೈನಿಕ ಕಲ್ಯಾಣ ಕಚೇರಿಯ ಮೇಲುಸಹಿಯೊಂದಿಗೆ ರೆಕಾರ್ಡ್ ಆಫೀಸಿಗೆ ಹೋಯಿತು. ಅವರು ಹೆಸರು ತಿದ್ದುಪಡಿಯ ಹೊಸ ಪಾರ್ಟ್ ಟು ಆರ್ಡರ್ ಹೊರಡಿಸಿದರು. ಅದರ ಆಧಾರದ ಮೇಲೆ ತಿದ್ದುಪಡಿ ಪಿಪಿಒ ಆಯಿತು. 2025ರ ಜೂನ್‌ನಲ್ಲಿ ಬಾಕಿ ಎಲ್ಲ ಸೇರಿಸಿ ಆಯಿಯ ಖಾತೆಗೆ ದುಡ್ಡು ಬಂತು.

ವರ್ಷಗಟ್ಟಲೆ ಬೇಕು ಅಂತ ಏಜೆಂಟ್ ಹೆದರಿಸಿದ ಕೆಲಸ ಸರಿ ದಾರಿಯಲ್ಲಿ ಹೋದಾಗ ಹತ್ತು ತಿಂಗಳಿಗೆ ಮುಗಿಯಿತು. ಉಳಿದ ಎಂಟು ತಿಂಗಳು ಅವನನ್ನು ನಂಬಿ ಕಳೆದದ್ದು.

ಹುಟ್ಟಿದ ತಾರೀಖಿನ ಬಗ್ಗೆ ಒಂದು ಮಾತು, ಇದನ್ನು ಬಹಳ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇಕಡಾ 20 ಜಾಸ್ತಿ ಸಿಗುತ್ತದೆ, 85ಕ್ಕೆ 30, 90ಕ್ಕೆ 40. ಪಿಪಿಒದಲ್ಲಿ ಹೆಂಡತಿಯ ಹುಟ್ಟಿದ ತಾರೀಖೇ ಇಲ್ಲದಿದ್ದರೆ, ಅಥವಾ ಆಧಾರ್‌ನ ತಾರೀಖು ಬೇರೆ ಇದ್ದರೆ, ಆ ಹೊತ್ತಿಗೆ ಮತ್ತೆ ಇದೇ ಓಡಾಟ. ಎಂಬತ್ತರ ಮುದುಕಿಯನ್ನು ಕಚೇರಿ ಕಚೇರಿ ಸುತ್ತಿಸುವ ಬದಲು ಈಗಲೇ ನೋಡಿ. ಹೆಸರಿನ ಜೊತೆಗೆ ಆಯಿಯ ಆಧಾರ್ ತಾರೀಖನ್ನೂ ನಾವು ಸರಿ ಮಾಡಿಸಿದ್ದೇವೆ, ಅವಳಿಗೆ ಇದ್ದ ಆ ಒಂದೇ ಅವಕಾಶ ಅದಕ್ಕೆ ಹೋಯಿತು.

ಹಾಗಾಗಿ ನಿಮ್ಮ ಅಪ್ಪ, ಅಜ್ಜ, ಕಾಕಾ ಬದುಕಿರುವಾಗಲೇ ಡಿಸ್ಚಾರ್ಜ್ ಬುಕ್, ಪಿಪಿಒ, ಹೆಂಡತಿಯ ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟು, ಒಂದೊಂದು ಅಕ್ಷರ ಬೆರಳಿಟ್ಟು ಓದಿ. ಇಂಗ್ಲಿಷ್ ಅಕ್ಷರ ಒಂದು ಆಚೀಚೆ ಇದ್ದರೂ ಬಿಡಬೇಡಿ. ಮಕ್ಕಳ ಹೆಸರೂ ನೋಡಿ. ಸ್ಪರ್ಶ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ ಅಂತ ಇವತ್ತೇ ನೋಡಿ. ಮೂಲ ಬುಕ್ಕನ್ನು ಯಾರಿಗೂ ಕೊಡಬೇಡಿ, ನಕಲು ಸಾಕು. ಅಫಿಡವಿಟ್ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಫೌಜಿನ ದಾಖಲೆ ತಪ್ಪಿದೆ ಅಂತ ಆಧಾರ್ ಬದಲಿಸಲು ಯಾರಾದರೂ ಹೇಳಿದರೆ, ದಯವಿಟ್ಟು ಎದ್ದು ಬಂದುಬಿಡಿ.

ಇದನ್ನು ಬರೆಯುವ ಮೊದಲು ಕಾಕಾನ ಮನೆಗೆ ಹೋಗಿ ಅವರ ಬುಕ್ಕನ್ನೂ ತೆಗೆಸಿ ನೋಡಿದೆ. ಎಲ್ಲರಿಗೂ ದಾರಿ ಹೇಳುವ ಮನುಷ್ಯ, ತಮ್ಮದನ್ನು ನೋಡಿಕೊಂಡಿರಲಿಲ್ಲ. ಕಾಕಿಯ ಹೆಸರು ಸರಿಯಾಗಿದೆ, ಹುಟ್ಟಿದ ತಾರೀಖಿನ ಜಾಗ ಖಾಲಿ. ಸೋಮವಾರ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಸೇತುವೆ ದಾಟುತ್ತಿದ್ದೇನೆ.