ವರ್ಟ್‌ಐಓ ವಿನ್ ಐಎಸ್‌ಓ: ವಿಂಡೋಸ್ ಸರ್ವರ್‌ಗೆ ಡಿಸ್ಕ್ ತೋರಿಸುವ ಡ್ರೈವರ್, ಹಲವು ವರ್ಷ ಬಳಸಿದ ಮೇಲೆ

ಒಂದೇ ಸರ್ವರ್ ಮೇಲೆ ಹಲವು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಇರುವ ಕಂಪ್ಯೂಟರ್‌ಗಳನ್ನು, ಓಡಿಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೊಸ ಮಷೀನ್ ಮಾಡಿ ವಿಂಡೋಸ್ ಸರ್ವರ್ 2022 ಹಾಕಲು ಹೊರಟವರಿಗೆ ಈ ಪರದೆ ಚೆನ್ನಾಗಿ ಗೊತ್ತು. ಭಾಷೆ ಆರಿಸಿ, ಲೈಸೆನ್ಸ್ ಒಪ್ಪಿ, ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಜಾಗಕ್ಕೆ ಬಂದರೆ ಪಟ್ಟಿ ಖಾಲಿ. ಒಂದು ಡ್ರೈವೂ ಕಾಣುವುದಿಲ್ಲ. ಡಿಸ್ಕ್ ಸರಿಯಾಗಿಯೇ ಇದೆ. ಅದರ ಮುಂದೆ ಕೂತು ಡಿಸ್ಕನ್ನು ನಡೆಸುವ ಸ್ಟೋರೇಜ್ ಕಂಟ್ರೋಲರ್ ವರ್ಟ್‌ಐಓ ಬಗೆಯದಾಗಿದ್ದರೆ ಅದಕ್ಕೆ ಬೇಕಾದ ಡ್ರೈವರ್ ಮೈಕ್ರೋಸಾಫ್ಟ್‌ನ ಐಎಸ್‌ಓ (ಇನ್‌ಸ್ಟಾಲ್ ಡಿಸ್ಕಿನ ನಕಲು ಫೈಲ್) ಒಳಗೆ ಇಲ್ಲ. ಆ ಕೊರತೆ ತುಂಬುವುದು ವರ್ಟ್‌ಐಓ ವಿನ್ ಐಎಸ್‌ಓ. ಫೆಡೋರಾ ಯೋಜನೆ ಇದನ್ನು ಉಚಿತವಾಗಿ ಕೊಡುತ್ತದೆ.

ಸಣ್ಣ ಕಚೇರಿಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅಕ್ಕಿ ಗಿರಣಿ, ಔಷಧಿ ಸಗಟು ಅಂಗಡಿ, ಆಡಿಟರ್ ಕಚೇರಿ, ಇಂಥ ಕಡೆ. ಹೆಚ್ಚು ಕಡಿಮೆ ಎಲ್ಲ ಕಡೆಯೂ ಟ್ಯಾಲಿ ಓಡುತ್ತಿರುತ್ತದೆ. ನಾಲ್ಕಾರು ಜನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬಂದು ಬಿಲ್ ಹಾಕುತ್ತಾರೆ. ಅದಕ್ಕೆ ವಿಂಡೋಸ್ ಸರ್ವರ್ ಬೇಕು. ಕೆಳಗೆ ಲಿನಕ್ಸ್‌ನ ವರ್ಚುವಲ್ ಮಷೀನ್ ವ್ಯವಸ್ಥೆಯಾದ, ಪ್ರಾಕ್ಸ್‌ಮಾಕ್ಸ್ ಬಳಸುವ ಕೆವಿಎಂ ಇರಬೇಕು ಅನ್ನುವುದು ನನ್ನ ಆಯ್ಕೆ. ಈ ಐಎಸ್‌ಓ ಬಗ್ಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಸರ್ವರ್ ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಲೋಡ್ ಮಾಡುವ ಎಷ್ಟೋ ವಿಧಾನ ಬಳಸಿದ್ದೇನೆ, ಇದರಷ್ಟು ಕಾಲ ನಿಂತದ್ದು ಬೇರೆ ಯಾವುದೂ ಇಲ್ಲ.

ಇದಕ್ಕೆ ಕಾರಣ ಗೊತ್ತಾಗಬೇಕಾದರೆ ಹಳೆಯ ದಿನಗಳು ಸ್ವಲ್ಪ ನೆನಪಿರಬೇಕು. ಸರ್ವರ್ 2003 ಕಾಲದಲ್ಲಿ ಸೆಟಪ್ ಶುರುವಾದ ಕೂಡಲೇ ನೀಲಿ ಪರದೆಯ ಕೆಳಗೆ ಕೆಲವೇ ಕ್ಷಣ ಒಂದು ಸಾಲು ಕಾಣುತ್ತಿತ್ತು. ಸ್ಕಸಿ ಅಥವಾ ರೈಡ್ (ಡಿಸ್ಕ್‌ಗಳನ್ನು ಜೋಡಿಸುವ ಬಗೆಗಳು) ಡ್ರೈವರ್ ಬೇಕಿದ್ದರೆ ಎಫ್6 ಒತ್ತಿ ಅಂತ. ಆಮೇಲೆ ಎಸ್ ಒತ್ತಬೇಕು, ಫ್ಲಾಪಿ ಹಾಕಬೇಕು. ಫ್ಲಾಪಿಯಲ್ಲಿ ಟೆಕ್ಸ್ಟ್‌ಸೆಟಪ್ ಓಇಎಂ ಫೈಲ್ ಇರಲೇಬೇಕು. ಫ್ಲಾಪಿ ಡ್ರೈವ್ ಇಲ್ಲದ ಸರ್ವರ್‌ಗಳು ಬಂದ ಮೇಲೂ ಸೆಟಪ್ ಫ್ಲಾಪಿಯನ್ನೇ ಕೇಳುತ್ತಿತ್ತು. ಯುಎಸ್‌ಬಿ ಫ್ಲಾಪಿ ತಂದರೂ ಕೆಲವು ಮಾದರಿಗಳನ್ನು ಮಾತ್ರ ಒಪ್ಪುತ್ತಿತ್ತು. ಹಾಗಾಗಿ ಎನ್‌ಲೈಟ್‌ನಂಥ ಸಾಧನದಲ್ಲಿ ಡ್ರೈವರ್ ಸೇರಿಸಿ ಬೇರೆ ಸಿಡಿಯನ್ನೇ ಬರೆದುಕೊಳ್ಳುವುದು ರೂಢಿಯಾಯಿತು. 2008ರಲ್ಲಿ ಸರ್ವರ್ 2008 ಬಂದಾಗ ಸೆಟಪ್ ವಿಂಡೋಸ್ ಪಿಇ ಅನ್ನುವ ಪುಟ್ಟ ವಿಂಡೋಸ್ ಮೇಲೆ ನಿಂತಿತು. ಡಿಸ್ಕ್ ಆರಿಸುವ ಪರದೆಯಲ್ಲೇ ಲೋಡ್ ಡ್ರೈವರ್ ಬಟನ್ ಬಂತು. ಸಿಡಿ, ಯುಎಸ್‌ಬಿ ಯಾವುದಾದರೂ ನಡೆಯಿತು. ಇಂಟೆಲ್ ಆಮೇಲೂ ಬಹಳ ವರ್ಷ ತನ್ನ ರೈಡ್ ಡ್ರೈವರ್ ಕಟ್ಟಿಗೆ ಎಫ್6 ಫ್ಲಾಪಿ ಅನ್ನುವ ಅರ್ಥದ ಹೆಸರನ್ನೇ ಇಟ್ಟುಕೊಂಡಿತ್ತು. ಆ ಕೀಲಿಯ ಪ್ರಭಾವ ಅಷ್ಟಿತ್ತು.

ಬಟನ್ ಬಂದರೂ ಮೂಲ ತೊಂದರೆ ಹೋಗಲಿಲ್ಲ. ನಿಜವಾದ ಹಾರ್ಡ್‌ವೇರ್‌ನಲ್ಲಿ ಪ್ರತಿ ಸರ್ವರ್‌ಗೂ ಕಂಟ್ರೋಲರ್ ಬೇರೆ, ಡ್ರೈವರ್ ಬೇರೆ. ಮೆಗಾರೈಡ್ ಕಾರ್ಡ್‌ಗಳನ್ನೇ ನೋಡಿ. ಅವನ್ನು ಮಾಡುತ್ತಿದ್ದ ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೋ ಕೊಂಡಿತು. 2016ರಲ್ಲಿ ಅವಾಗೋ ಬ್ರಾಡ್‌ಕಾಮ್ ಅನ್ನು ಕೊಂಡು ಅದೇ ಹೆಸರು ಇಟ್ಟುಕೊಂಡಿತು. ಹಳೆಯ ಕಾರ್ಡಿನ ಡ್ರೈವರ್ ಹುಡುಕುವವರು ಮೂರು ಹೆಸರಲ್ಲೂ ಹುಡುಕಬೇಕು. ಲಿನಕ್ಸ್ ಕಡೆಯಲ್ಲೂ ಇದೇ ಕಥೆ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಹಲವು ಹಳೆಯ ಕಂಟ್ರೋಲರ್‌ಗಳಿಗೆ ಬೆಂಬಲ ತೆಗೆಯಿತು. ಎಸ್‌ಎಎಸ್2008 ಚಿಪ್ಪಿನ ಕಾರ್ಡ್‌ಗಳು, ಎಚ್‌ಪಿಯ ಸ್ಮಾರ್ಟ್ ಅರೇ ಪಿ410 ಇಂಥವೆಲ್ಲ ಹೋದವು. ಆವೃತ್ತಿ 7ರಲ್ಲಿ ಚೆನ್ನಾಗಿ ಓಡುತ್ತಿದ್ದ ಸರ್ವರ್‌ಗೆ 8 ಹಾಕಲು ಹೋದರೆ ಡಿಸ್ಕ್ ಕಾಣಿಸದು. ಹೆಚ್ಚುವರಿ ಡ್ರೈವರ್ ಕೊಡುವ ಎಲ್‌ರೆಪೋ ಯೋಜನೆಯವರ ಡ್ರೈವರ್ ಡಿಸ್ಕ್ ತಂದು, ಬೂಟ್ ಸಾಲಿನಲ್ಲಿ ಐಎನ್‌ಎಸ್‌ಟಿ ಡಾಟ್ ಡಿಡಿ ಅಂತ ಕೊಟ್ಟು ಲೋಡ್ ಮಾಡಬೇಕು. ಯುಎಸ್‌ಬಿಗೆ ಓಇಎಂಡಿಆರ್‌ವಿ ಅಂತ ಲೇಬಲ್ ಇಟ್ಟರೆ ಇನ್‌ಸ್ಟಾಲರ್ ತಾನೇ ಹುಡುಕಿಕೊಳ್ಳುತ್ತದೆ. ಇದು ಒಳ್ಳೆಯ ಅನುಕೂಲ.

ವರ್ಟ್‌ಐಓ ಬೇರೆಯಾಗುವುದು ಇಲ್ಲೇ. ಇದು ಯಾವ ಕಂಪನಿಯ ಕಾರ್ಡೂ ಅಲ್ಲ. ಕೆವಿಎಂ ತೋರಿಸುವ, ಸಾಫ್ಟ್‌ವೇರ್‌ನಲ್ಲಷ್ಟೇ ಇರುವ ಕಂಟ್ರೋಲರ್. ಕೆವಿಎಂ ಅನ್ನು ಶುರು ಮಾಡಿದ್ದು ಕ್ಯುಮ್ರಾನೆಟ್ ಅನ್ನುವ ಇಸ್ರೇಲಿ ಕಂಪನಿ. 2007ರಲ್ಲಿ ಅದು ಲಿನಕ್ಸ್ ಕರ್ನಲ್‌ಗೆ ಸೇರಿತು, 2008ರಲ್ಲಿ ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಂಡಿತು. ವರ್ಟ್‌ಐಓ ಸಾಧನಗಳು ಹೇಗೆ ಇರಬೇಕು ಅನ್ನುವುದಕ್ಕೆ ಓಯಾಸಿಸ್ ಸಂಸ್ಥೆಯ ಪ್ರಮಾಣಿತ ದಾಖಲೆಯೇ ಇದೆ. ಕೆಳಗೆ ಮೆಗಾರೈಡ್ ಇರಲಿ, ಎನ್‌ವಿಎಂಇ ಡಿಸ್ಕ್ ಮೇಲೆ ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆ ಇರಲಿ, ವಿಂಡೋಸ್‌ಗೆ ಕಾಣುವುದು ಅದೇ ಒಂದು ಕಂಟ್ರೋಲರ್. ಹಳೆಯ ಡೆಲ್ ಮೇಲಿದ್ದ ವರ್ಚುವಲ್ ಮಷೀನನ್ನು ಬ್ಯಾಕಪ್‌ನಿಂದ ತೆಗೆದು ಬೇರೆ ಕಂಪನಿಯ ಹೊಸ ಸರ್ವರ್ ಮೇಲೆ ಇಟ್ಟರೂ ಒಳಗಿನ ವಿಂಡೋಸ್‌ಗೆ ಕಂಟ್ರೋಲರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಇನ್‌ಸ್ಟಾಲ್ ದಿನ ಒಮ್ಮೆ ಡ್ರೈವರ್ ಲೋಡ್ ಮಾಡಿದ ಶ್ರಮ ಮುಂದಿನ ಸರ್ವರ್‌ಗೂ ಉಳಿಯುತ್ತದೆ. ಹಾರ್ಡ್‌ವೇರ್ ಬದಲಾದಾಗೆಲ್ಲ ಹೊಸದಾಗಿ ವಿಂಡೋಸ್ ಹಾಕಿ ಟ್ಯಾಲಿ, ಪ್ರಿಂಟರ್, ಬಳಕೆದಾರರು ಅಂತ ಮತ್ತೆ ಕೂರಬೇಕಾಗಿದ್ದ ಕೆಲಸ ತಪ್ಪುತ್ತದೆ. ಸಣ್ಣ ಕಚೇರಿಗೆ ಇದಕ್ಕಿಂತ ದೊಡ್ಡ ಲಾಭ ಇನ್ನೇನು ಬೇಕು, ಅಲ್ವಾ?

ಈಗ ಬಳಸುವ ಬಗೆ. ಮಷೀನಿಗೆ ಎರಡು ಸಿಡಿ ಡ್ರೈವ್ ಕೊಡಿ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ವರ್ಟ್‌ಐಓ. ಪ್ರಾಕ್ಸ್‌ಮಾಕ್ಸ್‌ನ ಈಚಿನ ಆವೃತ್ತಿಗಳಲ್ಲಿ ಮಷೀನ್ ಮಾಡುವಾಗಲೇ ಎರಡನೇ ಡ್ರೈವ್ ಸೇರಿಸಲು ಒಂದು ಟಿಕ್ ಇದೆ. ಒಂದೇ ಡ್ರೈವ್‌ನಲ್ಲಿ ಡಿಸ್ಕ್ ಬದಲಿಸಿಯೂ ಮಾಡಬಹುದು, ಆದರೆ ಡ್ರೈವರ್ ಲೋಡ್ ಆದ ಮೇಲೆ ಮತ್ತೆ ವಿಂಡೋಸ್ ಐಎಸ್‌ಓ ಹಾಕಿ ರಿಫ್ರೆಶ್ ಒತ್ತದಿದ್ದರೆ ಸೆಟಪ್ ಮುಂದೆ ಹೋಗುವುದಿಲ್ಲ. ಸುಮ್ನೆ ತಲೆನೋವು. ಖಾಲಿ ಪಟ್ಟಿಯ ಪರದೆಯಲ್ಲಿ ಲೋಡ್ ಡ್ರೈವರ್, ಬ್ರೌಸ್. ಡಿಸ್ಕ್ ಅನ್ನು ಸ್ಕಸಿ ಅಂತ ಕೊಟ್ಟಿದ್ದರೆ ವಯೋಸ್ಕಸಿ ಫೋಲ್ಡರ್, ಅದರೊಳಗೆ 2ಕೆ22, ಅದರೊಳಗೆ ಎಎಂಡಿ64. ವರ್ಟ್‌ಐಓ ಬ್ಲಾಕ್ ಅಂತ ಕೊಟ್ಟಿದ್ದರೆ ವಯೋಸ್ಟೋರ್ ಫೋಲ್ಡರ್. ಪ್ರೊಸೆಸರ್ ಇಂಟೆಲ್ ಆದರೂ ಎಎಂಡಿ64 ಅನ್ನೇ ಆರಿಸಬೇಕು. 64 ಬಿಟ್‌ಗೆ ಆ ಹೆಸರು ಬಂದುಬಿಟ್ಟಿದೆ.

ಡ್ರೈವರ್ ಹೆಸರು ಪಟ್ಟಿಯಲ್ಲಿ ಬಂದರೆ ನೆಕ್ಸ್ಟ್ ಒತ್ತಿ. ಡಿಸ್ಕ್ ಕಾಣುತ್ತದೆ. ಆದರೆ ಕೂಡಲೇ ಇನ್‌ಸ್ಟಾಲ್ ಶುರು ಮಾಡಬೇಡಿ. ಇನ್ನೊಮ್ಮೆ ಲೋಡ್ ಡ್ರೈವರ್ ಒತ್ತಿ ನೆಟ್‌ಕೆವಿಎಂ ಫೋಲ್ಡರಿನಿಂದ ನೆಟ್‌ವರ್ಕ್ ಡ್ರೈವರನ್ನೂ ಹಾಕಿಬಿಡಿ. ಇಲ್ಲಿ ಲೋಡ್ ಮಾಡಿದ್ದನ್ನು ಸೆಟಪ್ ಇನ್‌ಸ್ಟಾಲ್ ಆದ ವಿಂಡೋಸ್‌ಗೂ ಸೇರಿಸುತ್ತದೆ. ಮೊದಲ ಬೂಟ್‌ನಲ್ಲೇ ನೆಟ್‌ವರ್ಕ್ ಸಿದ್ಧ ಇರುತ್ತದೆ. ಬಲೂನ್ (ಮೆಮೊರಿ ಹೊಂದಿಸಲು), ಸೀರಿಯಲ್, ಗೆಸ್ಟ್ ಏಜೆಂಟ್ (ಪ್ರಾಕ್ಸ್‌ಮಾಕ್ಸ್ ಜೊತೆ ಮಾತಾಡಲು) ಇವೆಲ್ಲ ಆಮೇಲೆ. ಅವಕ್ಕೆ ಐಎಸ್‌ಓದ ಮೊದಲ ಪುಟದಲ್ಲೇ ಗೆಸ್ಟ್ ಟೂಲ್ಸ್ ಅನ್ನುವ ಒಂದು ಇನ್‌ಸ್ಟಾಲರ್ ಇದೆ, ಒಂದೇ ಸಲಕ್ಕೆ ಎಲ್ಲ ಮುಗಿಸುತ್ತದೆ.

ಪಟ್ಟಿಯಲ್ಲಿ ಏನೂ ಬರದಿದ್ದರೆ ಹೊಂದದ ಡ್ರೈವರ್ ಅಡಗಿಸು ಅನ್ನುವ ಟಿಕ್ ತೆಗೆದು ನೋಡಬೇಡಿ. ಅದು ಎಲ್ಲವನ್ನೂ ತೋರಿಸಿ ಗೊಂದಲ ಮಾಡುತ್ತದೆ. ಬದಲಿಗೆ ಶಿಫ್ಟ್ ಜೊತೆ ಎಫ್10 ಒತ್ತಿ. ಕಪ್ಪು ಕಮಾಂಡ್ ಪರದೆ ಬರುತ್ತದೆ. ಅಲ್ಲಿ ಡಿಆರ್‌ವಿಲೋಡ್ ಕಮಾಂಡ್ ಕೊಟ್ಟು ಡ್ರೈವರಿನ ಐಎನ್‌ಎಫ್ ಫೈಲಿನ ದಾರಿ ತೋರಿಸಿ, ಆಮೇಲೆ ಡಿಸ್ಕ್‌ಪಾರ್ಟ್ ಒಳಗೆ ಲಿಸ್ಟ್ ಡಿಸ್ಕ್ ಕೊಡಿ. ಡಿಸ್ಕ್ ಬಂದರೆ ಡ್ರೈವರ್ ಸರಿ ಇದೆ. ಬರದಿದ್ದರೆ ನೀವು ಕೊಟ್ಟ ಕಂಟ್ರೋಲರ್ ಒಂದು, ಆರಿಸಿದ ಫೋಲ್ಡರ್ ಇನ್ನೊಂದು ಅಂತ ಅರ್ಥ ಆಗಿರುವುದೇ ಜಾಸ್ತಿ.

ಡಿಸ್ಕನ್ನು ಐಡಿಇ ಅಥವಾ ಸಾಟಾ ಬಗೆ ಅಂತ ಕೊಟ್ಟರೆ ಡ್ರೈವರ್ ಇಲ್ಲದೆಯೇ ಡಿಸ್ಕ್ ಕಾಣುತ್ತದಲ್ಲ, ಈ ಗೋಜು ಯಾಕೆ ಅಂತ ಕೇಳುವವರು ಇದ್ದಾರೆ. ಪ್ರಯೋಗಕ್ಕೆ ಇಟ್ಟ ಮಷೀನಿಗೆ ಸಾಟಾ ಸಾಕು. ದಿನವಿಡೀ ಜನ ಕೂತು ಕೆಲಸ ಮಾಡುವ ಸರ್ವರ್‌ಗೆ ಅದನ್ನು ಬಿಟ್ಟುಬಿಡುವುದು ಸರಿಯಲ್ಲ. ಐಡಿಇಯಲ್ಲಿ ಹಳೆಯ ಹಾರ್ಡ್‌ವೇರನ್ನು ಅಕ್ಷರಶಃ ನಕಲು ಮಾಡಬೇಕು, ಪ್ರತಿ ಓದು ಬರಹಕ್ಕೂ ಕೆಳಗಿನ ಪ್ರೊಸೆಸರ್ ಜಾಸ್ತಿ ದುಡಿಯಬೇಕು. ವರ್ಟ್‌ಐಓ ಸ್ಕಸಿಯಲ್ಲಿ ಕೆಲಸಗಳ ಸರದಿ (ಕ್ಯೂ) ದೊಡ್ಡದು, ಪ್ರತಿ ಡಿಸ್ಕ್‌ನ ಓದು ಬರಹಕ್ಕೂ ಬೇರೆ ಥ್ರೆಡ್ (ಐಓ ಥ್ರೆಡ್) ಕೊಡಬಹುದು. ಡಿಸ್ಕಾರ್ಡ್ ಟಿಕ್ ಹಾಕಿದರೆ ಒಳಗೆ ಅಳಿಸಿದ ಫೈಲುಗಳ ಜಾಗ ಕೆಳಗಿನ ಸ್ಟೋರೇಜ್‌ಗೆ ವಾಪಸ್ ಬರುತ್ತದೆ.

ಹಳೆಯ ಮಷೀನ್‌ಗಳನ್ನು ವರ್ಗಾಯಿಸುವಾಗ ಈ ಐಎಸ್‌ಓದ ಬೆಲೆ ಇನ್ನೂ ಗೊತ್ತಾಗುತ್ತದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್, ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಅನ್ನು ಕೊಂಡಿತು, ಮುಂದಿನ ತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಆಮೇಲೆ ಪ್ರಾಕ್ಸ್‌ಮಾಕ್ಸ್ ಕಡೆ ಬಂದವರು ಬಹಳ. ಮಷೀನ್ ತಂದು, ಡಿಸ್ಕನ್ನು ನೇರವಾಗಿ ವರ್ಟ್‌ಐಓ ಸ್ಕಸಿಗೆ ಕಟ್ಟಿ ಬೂಟ್ ಮಾಡಿದರೆ ವಿಂಡೋಸ್ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ನಿಂತುಬಿಡುತ್ತದೆ. ಸರ್ವರ್ 2003 ಕಾಲದಲ್ಲಿ 0x7ಬಿ ಅಂತ ನೋಡುತ್ತಿದ್ದ ದೋಷವೇ ಅದು. ಬೂಟ್ ಹಂತದಲ್ಲೇ ಕಂಟ್ರೋಲರ್ ಡ್ರೈವರ್ ಏಳಬೇಕು, ಅದು ಅಲ್ಲಿ ಇಲ್ಲ.

ದಾರಿ ಹೀಗಿದೆ. ಬೂಟ್ ಡಿಸ್ಕನ್ನು ಮೊದಲು ಸಾಟಾಗೆ ಕಟ್ಟಿ. ಅದರ ಜೊತೆ ಒಂದು ಜಿಬಿಯ ಖಾಲಿ ಡಿಸ್ಕನ್ನು ವರ್ಟ್‌ಐಓ ಸ್ಕಸಿಗೆ ಸೇರಿಸಿ. ವಿಂಡೋಸ್ ಒಳಗೆ ಹೋಗಿ ಐಎಸ್‌ಓದಿಂದ ಡ್ರೈವರ್ ಹಾಕಿ. ಆ ಖಾಲಿ ಡಿಸ್ಕ್ ಡಿವೈಸ್ ಮ್ಯಾನೇಜರ್‌ನಲ್ಲಿ ಸರಿಯಾಗಿ ಬಂದರೆ ಡ್ರೈವರ್ ನಿಜವಾಗಿ ಓಡುತ್ತಿದೆ ಅಂತ ಖಚಿತ. ಮಷೀನ್ ಆಫ್ ಮಾಡಿ, ಬೂಟ್ ಡಿಸ್ಕನ್ನು ಸ್ಕಸಿಗೆ ಬದಲಿಸಿ, ಬೂಟ್ ಕ್ರಮದಲ್ಲಿ ಅದಕ್ಕೇ ಟಿಕ್ ಹಾಕಿ. ಡ್ರೈವರ್ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿದ್ದೇನಲ್ಲ ಅಂತ ಖಾಲಿ ಡಿಸ್ಕಿನ ಹಂತ ಬಿಡಬೇಡಿ. ಕಂಟ್ರೋಲರ್ ಎದುರಿಗೆ ಇಲ್ಲದಿದ್ದರೆ ವಿಂಡೋಸ್ ಆ ಡ್ರೈವರನ್ನು ಬೂಟ್‌ಗೆ ಸಿದ್ಧ ಮಾಡದೇ ಇರಬಹುದು. ಆಗ ರಿಕವರಿ ಪರದೆಯಿಂದ ಡಿಆರ್‌ವಿಲೋಡ್ ಮಾಡಿ, ಡಿಸ್ಮ್ ಕಮಾಂಡ್‌ನಿಂದ ಸಿ ಡ್ರೈವ್‌ನ ವಿಂಡೋಸ್‌ಗೆ ಡ್ರೈವರ್ ಸೇರಿಸಬೇಕಾಗುತ್ತದೆ.

ಇನ್ನು ಕೊರತೆಗಳು. ಮೊದಲನೆಯದು ಫೋಲ್ಡರ್ ಜೋಡಣೆ. ಐಎಸ್‌ಓ ಐನೂರು ಎಂಬಿಗಿಂತ ದೊಡ್ಡದು, ತೆರೆದರೆ ಹೆಸರುಗಳ ಕಾಡು. ಕಲಿಯುತ್ತಿರುವ ಹುಡುಗರಿಗೆ ವಯೋಸ್ಕಸಿ ಯಾವುದು, ವಯೋಸ್ಟೋರ್ ಯಾವುದು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಮೊದಲ ಪುಟದಲ್ಲಿ ಒಂದು ಚಿಕ್ಕ ಓದಿಕೊಳ್ಳಿ ಫೈಲ್ ಇದ್ದಿದ್ದರೆ ಎಷ್ಟು ಜನರ ಸಮಯ ಉಳಿಯುತ್ತಿತ್ತು. ಎರಡನೆಯದು ಸಹಿ. ಫೆಡೋರಾ ಕೊಡುವ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್‌ನ ಡಬ್ಲ್ಯುಎಚ್‌ಕ್ಯುಎಲ್ (ಡ್ರೈವರ್ ಪರೀಕ್ಷೆಯ) ಪ್ರಮಾಣಪತ್ರ ಇಲ್ಲ. ಅದು ಇರುವ ಕಟ್ಟು ರೆಡ್ ಹ್ಯಾಟ್ ಚಂದಾದಾರರಿಗೆ ಸಿಗುತ್ತದೆ. ಆಡಿಟ್‌ನಲ್ಲಿ ಪ್ರಮಾಣಪತ್ರ ತೋರಿಸಲೇಬೇಕಾದ ಸಂಸ್ಥೆಗಳು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹೊಸ ಆವೃತ್ತಿ ಅಂದ ಕೂಡಲೇ ಹಾಕುವಂಥದ್ದಲ್ಲ ಇದು. 0.1.208ರ ನಂತರದ ಕೆಲವು ಆವೃತ್ತಿಗಳಲ್ಲಿ, ಭಾರ ಹೆಚ್ಚಾದಾಗ ಡಿಸ್ಕ್ ಕೆಲ ಕ್ಷಣ ನಿಂತುಹೋಗುವ ದೂರುಗಳು ಯೋಜನೆಯ ದೋಷಪಟ್ಟಿಯಲ್ಲಿ ಬಹಿರಂಗವಾಗಿಯೇ ಬಂದವು. ವಿಂಡೋಸ್ ಸಿಸ್ಟಂ ಲಾಗ್‌ನಲ್ಲಿ ವಯೋಸ್ಕಸಿ ಹೆಸರಲ್ಲಿ ಈವೆಂಟ್ 129 ಕಾಣುತ್ತಿತ್ತು, ರೈಡ್‌ಪೋರ್ಟ್‌ಗೆ ರೀಸೆಟ್ ಕೊಟ್ಟಿದ್ದೇವೆ ಅಂತ. ಬಹಳ ಜನ 0.1.208ಕ್ಕೆ ಮರಳಿದರು. ಡೇಟಾಬೇಸ್ ಇಟ್ಟ ಸರ್ವರ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ. ಅದಕ್ಕೇ ನಾನು ಡೌನ್‌ಲೋಡ್ ಪುಟದಲ್ಲಿ ಲೇಟೆಸ್ಟ್ ಬಿಟ್ಟು ಸ್ಟೇಬಲ್ ಕೊಂಡಿಯನ್ನೇ ಹಿಡಿಯುತ್ತೇನೆ, ಹೊಸದನ್ನು ಮೊದಲು ಬೇರೆ ಮಷೀನಿನಲ್ಲಿ ಓಡಿಸಿ ಲಾಗ್ ನೋಡುತ್ತೇನೆ. ನೀವೂ ಈವೆಂಟ್ 129 ಅನ್ನು ಆಗಾಗ ಹುಡುಕಿ ನೋಡಿ.

ಬ್ಯಾಕಪ್ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ಬಹಳ ಜನ ಮರೆಯುತ್ತಾರೆ. ವಿಂಡೋಸ್ ಸರ್ವರ್ ಬ್ಯಾಕಪ್‌ನಿಂದ ಪೂರ್ತಿ ಮಷೀನ್ ವಾಪಸ್ ತರಬೇಕಾದರೆ ಇನ್‌ಸ್ಟಾಲ್ ಐಎಸ್‌ಓದಿಂದಲೇ ಬೂಟ್ ಮಾಡುತ್ತೀರಿ. ಅಲ್ಲಿ ಮತ್ತೆ ಡಿಸ್ಕ್ ಕಾಣುವುದಿಲ್ಲ, ಮತ್ತೆ ಡ್ರೈವರ್ ಬೇಕು. ಆವತ್ತು ಇಂಟರ್ನೆಟ್ ಇರುತ್ತದೋ ಇಲ್ಲವೋ. ಹಾಗಾಗಿ ಇನ್‌ಸ್ಟಾಲ್‌ಗೆ ಬಳಸಿದ ಅದೇ ಆವೃತ್ತಿಯ ವರ್ಟ್‌ಐಓ ಐಎಸ್‌ಓವನ್ನು ಬ್ಯಾಕಪ್ ಡಿಸ್ಕಿನಲ್ಲೇ ಇಡಿ. ಸರ್ವರ್ 2012 ಆರ್2 ಇನ್ನೂ ಓಡಿಸುತ್ತಿರುವವರಿಗೆ ಇದು ಇನ್ನೂ ಮುಖ್ಯ. ಅದರ ಬೆಂಬಲ 2023ರ ಅಕ್ಟೋಬರಿನಲ್ಲೇ ಮುಗಿದಿದೆ, ವರ್ಟ್‌ಐಓದವರೂ ಹಳೆಯ ವಿಂಡೋಸ್‌ಗಳಿಗೆ ಹೊಸ ಡ್ರೈವರ್ ಕಟ್ಟುವುದನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದಿದ್ದಾರೆ. ಹಳೆಯ ಐಎಸ್‌ಓಗಳು ಫೆಡೋರಾದ ಸಂಗ್ರಹದಲ್ಲಿ ಸಿಗುತ್ತವೆ. ನಿಮ್ಮ ಸರ್ವರ್‌ಗೆ ಹೊಂದುವುದನ್ನು ಇವತ್ತೇ ಇಳಿಸಿಕೊಂಡು, ಯಾವ ಮಷೀನಿಗೆ ಯಾವ ಆವೃತ್ತಿ ಅಂತ ಫೈಲಿನ ಹೆಸರಲ್ಲೇ ಬರೆದಿಡಿ.