ಯುಪಿಐ, ಕಾರ್ಡು, ಕ್ಯಾಶ್ ಆನ್ ಡೆಲಿವರಿ: ಹೋದ ದುಡ್ಡು ಯಾವುದರಲ್ಲಿ ವಾಪಸು ಬರುತ್ತದೆ?

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆ ಗೂಡಿನ ದುಡ್ಡು ಈಗ ನೇರವಾಗಿ ಖಾತೆಗೆ ಬೀಳುತ್ತದೆ. ಡೇರಿಯ ಬಟವಾಡೆಯೂ ಅಲ್ಲಿಗೇ. ಬೆಳೆ ಸಾಲ ಕಟ್ಟಲು ಎತ್ತಿಟ್ಟ ಹಣವೂ ಅದರಲ್ಲೇ ಇರುತ್ತದೆ. ಇಷ್ಟೆಲ್ಲ ಇರುವ ಆ ಒಂದೇ ಖಾತೆಯನ್ನು ಫೋನ್‌ಪೇಗೆ ಜೋಡಿಸಿ, ಅದರ ಡೆಬಿಟ್ ಕಾರ್ಡನ್ನೇ ಆನ್‌ಲೈನ್ ಖರೀದಿಗೆ ಕೊಟ್ಟು, ಅದರ ಪಾಸ್‌ಬುಕ್ಕಿನ ಫೋಟೋವನ್ನು ಹತ್ತು ಕಡೆ ವಾಟ್ಸಾಪ್ ಮಾಡಿರುತ್ತೇವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮನೆಗಳಲ್ಲಿ ಇದು ಸಾಮಾನ್ಯ ನೋಟ. ಆದ್ದರಿಂದ ಇಲ್ಲಿ ನಾವು ಬಳಸಿ ನೋಡಿ ಹೋಲಿಸಿರುವುದು ಎರಡೇ ಪ್ರಶ್ನೆ ಇಟ್ಟುಕೊಂಡು: ಎಡವಟ್ಟಾದರೆ ಒಟ್ಟು ಎಷ್ಟು ಹೋಗಬಹುದು? ಹೋದದ್ದನ್ನು ಕೇಳಲು ಯಾರನ್ನು ಹಿಡಿಯಬೇಕು?

ಯುಪಿಐ: ಕೊಡಲು ಸಲೀಸು, ವಾಪಸಿಗೆ ಕಷ್ಟ

ಯುಪಿಐಯಲ್ಲಿ ದುಡ್ಡು ಮೂರು ಬಗೆಯಲ್ಲಿ ಕೈತಪ್ಪುತ್ತದೆ. ಮೂರಕ್ಕೂ ಒಂದೇ ಔಷಧಿ ಇಲ್ಲ.

ಮೊದಲನೆಯದು ವ್ಯವಹಾರ ಫೇಲ್ ಆಗುವುದು. ನಮ್ಮ ಖಾತೆಯಲ್ಲಿ ಕಡಿತವಾಗಿ ಅವರ ಖಾತೆಗೆ ಸೇರದಿದ್ದರೆ ಹೆದರಬೇಕಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯಕ್ತಿಗೆ ಕಳಿಸಿದ ಹಣ ಮಾರನೇ ದಿನದೊಳಗೆ, ಅಂಗಡಿಗೆ ಕಟ್ಟಿದ ಹಣ 5 ದಿನದೊಳಗೆ ತಾನಾಗಿಯೇ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವೂ ಸಿಗಬೇಕು. ಜನ ಕೆಡುವುದು ಈ ಕಾಯುವ ಹೊತ್ತಿನಲ್ಲಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ, ಮೊದಲು ಕಂಡದ್ದಕ್ಕೆ ಫೋನ್ ಮಾಡುತ್ತಾರೆ. ಅತ್ತಲಿನವನು ದೂರದಿಂದಲೇ ಫೋನ್ ನೋಡಲು ಬಿಡುವ ಎನಿಡೆಸ್ಕ್ ಆ್ಯಪ್ ಹಾಕಿಸಿ ಸ್ಕ್ರೀನ್ ನೋಡುತ್ತ ಕೂರುತ್ತಾನೆ. ದೂರು ಕೊಡುವ ಜಾಗ ಆ್ಯಪ್‌ನ ಒಳಗೇ ಇದೆ: ಹಿಸ್ಟರಿಗೆ ಹೋಗಿ, ಆ ವ್ಯವಹಾರವನ್ನು ಒತ್ತಿ, ಕೆಳಗಿರುವ ಹೆಲ್ಪ್ ಅಥವಾ ರೈಸ್ ಇಶ್ಯೂ ಒತ್ತಿ. ಹೊರಗೆಲ್ಲೂ ನಂಬರ್ ಹುಡುಕಬೇಡಿ.

ಎರಡನೆಯದು ಬೇರೆಯವರ ನಂಬರಿಗೆ ಹೋಗುವುದು. ಇಲ್ಲಿ ಬ್ಯಾಂಕ್ ತಾನಾಗಿ ಕಿತ್ತುಕೊಂಡು ಕೊಡಲಾರದು, ಪಡೆದವರು ಒಪ್ಪಬೇಕು. 2025ರ ಜೂನ್ 30ರಿಂದ ಹಣ ಕಳಿಸುವ ಮುಂಚೆ ಬ್ಯಾಂಕಿನಲ್ಲಿ ದಾಖಲಾಗಿರುವ ಹೆಸರನ್ನೇ ಆ್ಯಪ್‌ಗಳು ತೋರಿಸಬೇಕೆಂಬ ನಿಯಮ ಬಂದಿದೆ. ಪಿನ್ ಒತ್ತುವ ಮುಂಚೆ ಆ ಹೆಸರನ್ನು ಬಾಯಿಬಿಟ್ಟು ಓದಿ. ಬೋರ್ಡಿನ ಮೇಲಿನ ಅಂಗಡಿ ಹೆಸರಿಗೂ ಪರದೆಯ ಹೆಸರಿಗೂ ತಾಳೆಯಾಗದಿದ್ದರೆ ಅಂಗಡಿಯವರನ್ನೇ ಕೇಳಿ. ಗೋಡೆಗೆ ಅಂಟಿಸಿದ ಕ್ಯೂಆರ್ ಮೇಲೆ ಬೇರೆಯವರ ಕ್ಯೂಆರ್ ಅಂಟಿಸಿದ್ದರೆ ಅದು ಬಯಲಾಗುವುದು ಇದೇ ಹೆಸರಿನಿಂದ.

ಮೂರನೆಯದು ದುಡ್ಡು ಕೊಟ್ಟು ಮಾಲು ಬರದಿರುವುದು. ಅಂಗಡಿಯಲ್ಲಿ ಎರಡೂವರೆ ಮೂರು ಸಾವಿರ ಬಾಳುವ 16 ಲೀಟರಿನ ಬ್ಯಾಟರಿ ಸ್ಪ್ರೇಯರನ್ನು 499ಕ್ಕೆ ಕೊಡುತ್ತೇವೆಂದು ಫೇಸ್‌ಬುಕ್ಕಿನಲ್ಲಿ ಜಾಹೀರಾತು ಬರುತ್ತದೆ. ಒತ್ತಿದರೆ ದೊಡ್ಡ ಕಂಪನಿಯ ಪುಟದಂತೆಯೇ ಕಾಣುವ ಪುಟ. ವಿಳಾಸದ ಸಾಲು ನೋಡಿದರೆ ಕಂಪನಿಯ ಹೆಸರಿನ ಹಿಂದೆ ಮುಂದೆ ಆಫರ್, ಸೇಲ್ ಎಂಬ ಬಾಲ. ಹಣ ಕಟ್ಟುವ ಹೊತ್ತಿಗೆ ಕ್ಯಾಶ್ ಆನ್ ಡೆಲಿವರಿಯೂ ಇಲ್ಲ, ಕಾರ್ಡೂ ಇಲ್ಲ, ಯುಪಿಐ ಒಂದೇ. ಅದೂ ಯಾರದೋ ವೈಯಕ್ತಿಕ ಹೆಸರಿಗೆ. ಈ ಕೊನೆಯ ಗುರುತು ಕಂಡರೆ ಬೇರೇನೂ ನೋಡಬೇಕಿಲ್ಲ, ಎದ್ದು ಬನ್ನಿ. ವ್ಯಾಪಾರಿ ಖಾತೆಗೆ ಕಟ್ಟಿದ್ದರೆ ಬ್ಯಾಂಕಿನ ಮೂಲಕ ತಕರಾರು ಎತ್ತಲು ದಾರಿ ಇದೆ. ವ್ಯಕ್ತಿಗೆ ಕಳಿಸಿದ ಹಣಕ್ಕೆ ಆ ದಾರಿ ಬಹುಪಾಲು ಮುಚ್ಚಿದಂತೆ, ಪೊಲೀಸರ ಬಳಿಗೇ ಹೋಗಬೇಕು.

ದುಡ್ಡು ಬರಲು ಪಿನ್ ಬೇಡ ಎಂಬುದು ಈಗ ಬಹಳ ಜನಕ್ಕೆ ಗೊತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟನ್ನೂ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಮೋಸಗಾರರು ಈಗ ಹಿಡಿದಿರುವ ದಾರಿ ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕಿಸುವ ಫೈಲು. ಪಿಎಂ ಕಿಸಾನ್, ಆರ್‌ಟಿಒ ಚಲನ್, ಮದುವೆ ಆಮಂತ್ರಣ ಎಂದು ಹೆಸರಿಟ್ಟು ವಾಟ್ಸಾಪ್‌ಗೆ ಕಳಿಸುತ್ತಾರೆ. ಗುರುತಿನವರ ನಂಬರಿನಿಂದಲೇ ಬರಬಹುದು, ಏಕೆಂದರೆ ಅವರ ಫೋನ್ ಆಗಲೇ ಕೆಟ್ಟಿರುತ್ತದೆ. ಹಾಕಿಕೊಂಡ ತಕ್ಷಣ ಅದು ಕೇಳುವುದು ಎಸ್‌ಎಂಎಸ್ ಓದುವ ಅನುಮತಿ. ಅಲ್ಲಿಂದ ನಿಮಗೆ ಬರುವ ಓಟಿಪಿ ಅವರಿಗೂ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಆಫ್ ಮಾಡಿ. ಆಗಲೇ ಹಾಕಿಕೊಂಡಿದ್ದರೆ ಮೊದಲು ಏರೋಪ್ಲೇನ್ ಮೋಡ್, ಆಮೇಲೆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಬ್ಯಾಂಕಿಗೆ ಕರೆ. ಕರೆಗಳು ಬೇರೆಡೆ ತಿರುಗಿವೆಯೇ ಎಂದು ತಿಳಿಯಲು *#21#, ಎಲ್ಲ ಫಾರ್ವರ್ಡನ್ನೂ ರದ್ದು ಮಾಡಲು ##002# ಒತ್ತಿ. ಆ್ಯಪ್ ಅಳಿಸಿದರೆ ಸಾಲದು, ಫೋಟೋಗಳನ್ನು ಬೇರೆಡೆ ಇಟ್ಟು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದೇ ಸರಿ.

ಯುಪಿಐ ಲೈಟ್, ರುಪೇ ಕ್ರೆಡಿಟ್

ಟೀ, ತರಕಾರಿ, ಬಸ್ಸಿನ ಚಿಲ್ಲರೆ ಖರ್ಚಿಗೆ ನಮ್ಮ ಆಯ್ಕೆ ಯುಪಿಐ ಲೈಟ್, ಅಂದರೆ ಯುಪಿಐ ಆ್ಯಪ್‌ನೊಳಗೇ ಸ್ವಲ್ಪ ಹಣ ತುಂಬಿಡುವ ಪುಟ್ಟ ಪರ್ಸು. ಒಂದು ಸಲಕ್ಕೆ 1,000, ಒಟ್ಟು ತುಂಬಿಡಬಹುದಾದದ್ದು 5,000 ರೂಪಾಯಿ. ಪಿನ್ ಕೇಳುವುದಿಲ್ಲ. ಹಾಗಾಗಿ ಸಂತೆಯ ಜನಜಂಗುಳಿಯಲ್ಲಿ ಹೆಗಲ ಹಿಂದಿನಿಂದ ಪಿನ್ ಕದ್ದು ನೋಡುವ ಮಾತೇ ಇಲ್ಲ. ಫೋನ್ ಬೇರೆಯವರ ಪಾಲಾಗಿ, ಅದರ ಲಾಕೂ ಗೊತ್ತಾದರೆ ಒಳಗಿದ್ದಷ್ಟು ಹೋಗುತ್ತದೆ, ನಿಜ. ಅದಕ್ಕೇ ಪೂರ್ತಿ ತುಂಬದೆ ವಾರಕ್ಕೆ ಬೇಕಾದಷ್ಟು ಹಾಕಿಕೊಳ್ಳಿ.

ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವುದು ಇನ್ನೊಂದು ದಾರಿ. ಇದರ ದೊಡ್ಡ ಗುಣವೆಂದರೆ ವ್ಯಾಪಾರಿಗೆ ಮಾತ್ರ ಕಟ್ಟಬಹುದು, ವ್ಯಕ್ತಿಗೆ ಕಳಿಸಲಾಗದು. ಮೇಲೆ ಹೇಳಿದ ಸ್ಪ್ರೇಯರ್ ಮೋಸಗಾರನ ವೈಯಕ್ತಿಕ ಕ್ಯೂಆರ್ ಇದರಲ್ಲಿ ನಡೆಯುವುದೇ ಇಲ್ಲ. ಜನ ಇದನ್ನು ಕೊರತೆ ಎನ್ನುತ್ತಾರೆ. ನಮಗೆ ಇದೇ ಬೇಲಿ.

ಡೆಬಿಟ್ ಕಾರ್ಡೋ ಕ್ರೆಡಿಟ್ ಕಾರ್ಡೋ

ಆನ್‌ಲೈನ್ ಖರೀದಿಗೆ ಕ್ರೆಡಿಟ್ ಕಾರ್ಡೇ ಮೇಲು. ಡೆಬಿಟ್ ಕಾರ್ಡಿನಲ್ಲಿ ತಕರಾರು ತೀರುವವರೆಗೆ ಖಾಲಿಯಾಗಿರುವುದು ನಿಮ್ಮ ಖಾತೆ. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ಲು ಕಟ್ಟುವ ಮುಂಚೆಯೇ ಇದು ನನ್ನದಲ್ಲ ಎಂದು ತಗಾದೆ ತೆಗೆಯಬಹುದು. ಸಂಬಳದ ಚೀಟಿ ಇಲ್ಲದ ರೈತರಿಗೆ, ಅಂಗಡಿಯವರಿಗೆ ಕಾರ್ಡ್ ಕೊಡುವುದಿಲ್ಲ ಎಂಬ ಮಾತಿದೆ. ಫಿಕ್ಸೆಡ್ ಡಿಪಾಸಿಟ್ ಇಟ್ಟರೆ ಅದರ ಆಧಾರದ ಮೇಲೆ ಹಲವು ಬ್ಯಾಂಕುಗಳು ಕಾರ್ಡ್ ಕೊಡುತ್ತವೆ, ಶಾಖೆಯಲ್ಲಿ ಕೇಳಿ. ಆದರೆ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವ ಶಿಸ್ತು ಇಲ್ಲದವರು ಇದರ ಗೋಜಿಗೆ ಹೋಗದಿರುವುದೇ ಲೇಸು. ಬಡ್ಡಿ ಬಲು ಹೆಚ್ಚು.

ಯಾವ ಕಾರ್ಡೇ ಇರಲಿ, ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾನೇಜ್ ಕಾರ್ಡ್ ತೆರೆದು ಇಂಟರ್‌ನ್ಯಾಷನಲ್ ಎಂಬುದನ್ನು ಆಫ್ ಮಾಡಿ. ಕಾರಣ ಇದೆ: ಹೊರದೇಶದ ಎಷ್ಟೋ ವೆಬ್‌ಸೈಟ್‌ಗಳು ಓಟಿಪಿ ಕೇಳದೆಯೇ ಕಾರ್ಡ್ ನಂಬರ್, ಎಕ್ಸ್‌ಪೈರಿ, ಸಿವಿವಿ ಇಷ್ಟರಿಂದಲೇ ಹಣ ಎಳೆಯುತ್ತವೆ. ಆಮೇಲೆ ಆನ್‌ಲೈನ್ ಸ್ವಿಚ್ಚು. ಖರೀದಿ ಇದ್ದಾಗ ಆನ್, ಮುಗಿದ ಮೇಲೆ ಆಫ್. ಈ ಸ್ವಿಚ್ಚುಗಳನ್ನು ಬ್ಯಾಂಕುಗಳು ಕೊಡಲೇಬೇಕೆಂದು 2020ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಕಾರ್ಡಿನ ಫೋಟೋವನ್ನು ಯಾರಿಗೂ ಕಳಿಸಬೇಡಿ. ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಎಕ್ಸ್‌ಪೈರಿ ತಿಂಗಳು, ಒಂದು ಓಟಿಪಿ, ಇಷ್ಟಿದ್ದರೆ ಯುಪಿಐ ಪಿನ್ನನ್ನೇ ಹೊಸದಾಗಿ ಹಾಕಬಹುದು.

ನೆಟ್ ಬ್ಯಾಂಕಿಂಗ್ ದೊಡ್ಡ ಮೊತ್ತಕ್ಕೆ ಸರಿ, ದಿನದ ಖರೀದಿಗೆ ಬೇಡ. ಬ್ಯಾಂಕುಗಳ ವೆಬ್ ವಿಳಾಸ ಈಗ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುತ್ತದೆ. ಹಾಗೆ ಮುಗಿಯದ ಪುಟದಲ್ಲಿ ಪಾಸ್‌ವರ್ಡ್ ಹಾಕಬೇಡಿ.

ಕ್ಯಾಶ್ ಆನ್ ಡೆಲಿವರಿ

ಹೊಸ ಅಂಗಡಿಯಾದರೆ ಇದೇ ಮೇಲೆಂದು ಎಲ್ಲರೂ ನಂಬುತ್ತಾರೆ. ಅರ್ಧ ಮಾತ್ರ ನಿಜ. ಡಬ್ಬ ತೆರೆಯುವ ಮುಂಚೆಯೇ ಹಣ ಕೊಡಬೇಕಾದಾಗ ಒಳಗೆ ಚಿಂದಿ ಬಟ್ಟೆ ಇದ್ದರೂ ಡೆಲಿವರಿ ಹುಡುಗನನ್ನು ಹಿಡಿದು ಫಲವಿಲ್ಲ. ಓಪನ್ ಬಾಕ್ಸ್ ಡೆಲಿವರಿ ಇದ್ದರೆ ಅದನ್ನೇ ಆರಿಸಿ, ಮಾಲು ನೋಡಿದ ಮೇಲೆಯೇ ಓಟಿಪಿ ಹೇಳಿ. ಇಲ್ಲದಿದ್ದರೆ ಲೇಬಲ್ ಕಾಣುವಂತೆ ವಿಡಿಯೊ ಶುರುಮಾಡಿ, ನಡುವೆ ನಿಲ್ಲಿಸದೆ ಡಬ್ಬ ತೆರೆಯಿರಿ. ತಾವು ತರಿಸದ ಪಾರ್ಸಲ್ ಬಂದರೆ, ಮನೆಯಲ್ಲಿರುವ ಅಜ್ಜ ಅಜ್ಜಿ ಇದನ್ನು ಮಕ್ಕಳೇ ತರಿಸಿರಬೇಕೆಂದುಕೊಂಡು ಹಣ ಕೊಟ್ಟುಬಿಡುತ್ತಾರೆ. ಅವರಿಗೆ ಮೊದಲೇ ಹೇಳಿಡಿ. ಮಾಲಿನ ವ್ಯಾಜ್ಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಖರ್ಚಿನ ಖಾತೆಯನ್ನು ಬೇರೆ ಮಾಡುವುದು

ನಾವು ಒತ್ತಿ ಹೇಳುವುದು ಇದನ್ನೇ. ಯಾವ ಆ್ಯಪ್ ಎಂಬುದಕ್ಕಿಂತ ಅದರ ಹಿಂದೆ ಎಷ್ಟು ಹಣ ನಿಂತಿದೆ ಎಂಬುದು ಮುಖ್ಯ. ಅದೇ ಬ್ಯಾಂಕಿನಲ್ಲಿ ಎರಡನೇ ಖಾತೆ ತೆರೆದರೆ ಉಪಯೋಗ ಕಡಿಮೆ. ಒಂದೇ ಗ್ರಾಹಕ ಸಂಖ್ಯೆಯಡಿ ಎರಡೂ ಬರುವುದರಿಂದ ಬ್ಯಾಂಕಿನ ಆ್ಯಪ್‌ಗೆ ನುಗ್ಗಿದವನಿಗೆ ಎರಡೂ ಕಾಣುತ್ತವೆ. ಬೇರೆ ಬ್ಯಾಂಕಿನದೇ ಆಗಬೇಕು. ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಹಳ್ಳಿಗಳಿಗೆ ಹತ್ತಿರ, ಅಲ್ಲಿ 2 ಲಕ್ಷಕ್ಕಿಂತ ಹೆಚ್ಚು ಇಡಲಾಗದು, ಖರ್ಚಿನ ಖಾತೆಗೆ ಅಷ್ಟು ಧಾರಾಳ.

ಒಂದು ಎಚ್ಚರಿಕೆ. ಹೊಸ ಖಾತೆಯ ಅರ್ಜಿಯಲ್ಲಿ ಸರ್ಕಾರಿ ಹಣ, ಅಂದರೆ ಡಿಬಿಟಿ, ಈ ಖಾತೆಗೆ ಬರಲಿ ಎಂಬ ಒಪ್ಪಿಗೆಯ ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ಗೃಹಲಕ್ಷ್ಮಿ, ಪಿಎಂ ಕಿಸಾನ್ ಹಣ ಹಳೇ ಖಾತೆ ಬಿಟ್ಟು ಇಲ್ಲಿಗೆ ಬೀಳತೊಡಗುತ್ತದೆ. ಹಣವೇ ಬಂದಿಲ್ಲವೆಂದು ಕಚೇರಿಗೆ ಅಲೆಯುವವರಲ್ಲಿ ಎಷ್ಟೋ ಮಂದಿಯ ಹಣ ಹೀಗೆ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ.

ಇನ್ನೂ ಗಟ್ಟಿ ಮಾಡಬೇಕೆಂದರೆ ಮುಖ್ಯ ಖಾತೆಯ ಮೊಬೈಲ್ ನಂಬರಿನ ಸಿಮ್ಮನ್ನು ಕೀಪ್ಯಾಡ್ ಫೋನಿಗೆ ಹಾಕಿ. ಯುಪಿಐ ನೋಂದಣಿಗೆ ಆ ಸಿಮ್ ಅದೇ ಫೋನಿನಲ್ಲಿರಬೇಕು, ಅಲ್ಲಿಂದ ಎಸ್‌ಎಂಎಸ್ ಹೋಗಬೇಕು. ಸ್ಮಾರ್ಟ್‌ಫೋನಿಗೆ ಎಂಥ ಎಪಿಕೆ ಹೊಕ್ಕರೂ ಮುಖ್ಯ ಖಾತೆಯ ಓಟಿಪಿ ಅದರ ಕೈಗೆ ಸಿಗದು. ರೀಚಾರ್ಜ್ ಮಾತ್ರ ತಪ್ಪಿಸಬೇಡಿ. ಬಹುಕಾಲ ಬಳಸದ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆ.

ಆಧಾರ್: ಜೆರಾಕ್ಸ್, ಮಾಸ್ಕ್, ವಿಐಡಿ, ಡಿಜಿಲಾಕರ್

ಅರ್ಜಿ ಹಾಕಲು ಸೈಬರ್ ಸೆಂಟರಿನವರ ವಾಟ್ಸಾಪ್‌ಗೆ ಆಧಾರ್ ಫೋಟೋ ಕಳಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಆ ಫೋನಿನಲ್ಲಿ ನೂರಾರು ಜನರ ಆಧಾರ್ ಹಾಗೇ ಉಳಿಯುತ್ತದೆ. ಜೆರಾಕ್ಸ್ ಕೊಡಲೇಬೇಕಾದರೆ ಮೇಲೆ ಅಡ್ಡಡ್ಡವಾಗಿ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆದು ಸಹಿ ಹಾಕಿ.

ಲಾಡ್ಜು, ಬಾಡಿಗೆ ಮನೆಗೆಲ್ಲ ಮಾಸ್ಕ್ ಮಾಡಿದ ಆಧಾರ್ ಸಾಕು, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ ಎಂಬುದಕ್ಕೆ ಗುರುತು ಹಾಕಿ. ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ. ನಿಮ್ಮನ್ನು ಬಲ್ಲ ಯಾರಾದರೂ ಊಹಿಸಬಹುದಾದ ಪಾಸ್‌ವರ್ಡ್ ಇದು, ಹಾಗಾಗಿ ಅದನ್ನು ನೆಚ್ಚಿ ಪೂರ್ತಿ ನಂಬರಿನ ಫೈಲ್ ಕಳಿಸಬೇಡಿ. ನಂಬರೇ ಬೇಕೆಂದರೆ ಆಧಾರ್ ನಂಬರಿನ ಬದಲು ಬಳಸಬಹುದಾದ 16 ಅಂಕಿಯ ವಿಐಡಿ ಕೊಡಿ. ಬೇಡವೆನಿಸಿದಾಗ ಹೊಸದು ಪಡೆದರೆ ಹಳೆಯದು ಸತ್ತುಹೋಗುತ್ತದೆ. ಸರ್ಕಾರಿ ಆನ್‌ಲೈನ್ ಅರ್ಜಿಗಳಿಗೆ ದಾಖಲೆಗಳನ್ನು ಆನ್‌ಲೈನಿನಲ್ಲಿಡುವ ಸರ್ಕಾರದ ಡಿಜಿಲಾಕರ್ ಒಳ್ಳೆಯದು, ಕಾಗದ ಯಾರ ಕೈಗೂ ಸಿಗುವುದಿಲ್ಲ.

ಹೆಬ್ಬೆಟ್ಟಿನದು ಬೇರೆಯೇ ಅಪಾಯ. ಊರಲ್ಲಿ ಬೆರಳಿಟ್ಟು ಹಣ ತೆಗೆಯುವ ಎಇಪಿಎಸ್‌ಗೆ ಓಟಿಪಿ ಬೇಡ. ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳಚ್ಚು ಇದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಜಮೀನು ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟೂ ಆಧಾರ್ ನಂಬರೂ ಒಟ್ಟಿಗಿದ್ದುದನ್ನು ಬಳಸಿ ಹಣ ಲಪಟಾಯಿಸಿದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬಯಲಾದವು. ನಂದಿ ಸುತ್ತಮುತ್ತ ಜಮೀನು ಮಾರಿದವರು, ಕೊಂಡವರು ಇದನ್ನು ಗಮನಿಸಬೇಕು. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಆದರೆ ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ಹಿಡಿಯದು. ಕಾರ್ಡಿನಲ್ಲಿರುವ ಒಬ್ಬರು ಬೆರಳು ಕೊಟ್ಟರೂ ರೇಷನ್ ಸಿಗುವುದರಿಂದ, ಖಾತೆಯಲ್ಲಿ ಹೆಚ್ಚು ಹಣವಿಲ್ಲದ ಒಬ್ಬರದನ್ನು ತೆರೆದಿಟ್ಟು ಉಳಿದವರದನ್ನು ಲಾಕ್ ಮಾಡಿ. ಬೆರಳಿಟ್ಟು ಹಣ ತೆಗೆಯುವ ಅಭ್ಯಾಸವೇ ಇಲ್ಲದವರು ಮುಖ್ಯ ಖಾತೆಗೆ ಎಇಪಿಎಸ್ ನಿಲ್ಲಿಸುವಂತೆ ಶಾಖೆಗೆ ಲಿಖಿತ ಅರ್ಜಿ ಕೊಡಿ.

ಹಣ ಹೋದ ಮೇಲೆ

ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಎರಡನೆಯದು ಬ್ಯಾಂಕಿಗೆ. ಕೈಯಲ್ಲಿ ಇರಬೇಕಾದದ್ದು: ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ಯುಪಿಐ ಆದರೆ ಯುಟಿಆರ್ ಎಂಬ 12 ಅಂಕಿಯ ವ್ಯವಹಾರದ ಗುರುತು ಸಂಖ್ಯೆ. ಬೇಗ ಹೇಳಿದರೆ ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮುಂಚೆ ತಡೆಹಿಡಿಯಬಹುದು. ಸಿಗುವ ದೂರು ಸಂಖ್ಯೆಯನ್ನು ಹಿಡಿದು ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ ದಿನ ಬಿಟ್ಟು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟವೆಲ್ಲ ಬ್ಯಾಂಕಿನದು. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಮೇಲೆ ಬೀಳುವುದು ಹೆಚ್ಚೆಂದರೆ 10,000 ರೂಪಾಯಿ. ಓಟಿಪಿಯನ್ನು ನೀವೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹೀಗಾಗಿ ನಾಚಿಕೆಪಟ್ಟು ಮುಚ್ಚಿಟ್ಟ ಒಂದೊಂದು ಗಂಟೆಗೂ ಬೆಲೆ ಇದೆ. ಬಾಯಿಮಾತಿನ ದೂರಿಗೆ ಪುರಾವೆ ಇರುವುದಿಲ್ಲ. ಶಾಖೆಯಲ್ಲಿ ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಖು, ಸಮಯ ಹಾಕಿಸಿಕೊಳ್ಳಿ. 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ, ಇಲ್ಲವೇ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಆ ಪ್ರತಿಯನ್ನೇ ಲಗತ್ತಿಸಿ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ ಕರೆ ಮಾಡಬೇಕಾದ ನಂಬರ್ 14448.