ಟ್ರ್ಯಾಕ್ಟರ್ ಕೆಳಗಿನ ಟಕಟಕ ಹುಡುಕಲು: ಸ್ಕ್ರೂಡ್ರೈವರ್, ಸ್ಟೆತಸ್ಕೋಪ್, ಫೋನು, ಕ್ಲಿಪ್ ಮೈಕು

ನನ್ನ ಟೂಲ್ ಬಾಕ್ಸಿನಲ್ಲಿ ಒಂದು ಬೇರಿಂಗ್ ಇದೆ. ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ, ಸದ್ದಿಲ್ಲದೆ ತಿರುಗುತ್ತದೆ. ಏನೂ ಆಗಿರದ ಬೇರಿಂಗ್ ಅದು. ಅದನ್ನೇ ನಾನು ಟ್ರ್ಯಾಕ್ಟರಿನ ಮುಂದಿನ ಎಡ ಚಕ್ರದಿಂದ ಕಿತ್ತು, ಹೊಸದನ್ನು ಹಾಕಿ, ಆಯಿಲ್ ತುಂಬಿಸಿ, ಓಡಿಸಿ ನೋಡಿದೆ. ಸದ್ದು ಹಾಗೇ ಇತ್ತು!

ಆ ಬೇರಿಂಗ್ ಹಾಳಾಗಿದೆ ಅಂತ ಹೇಳಿದ್ದು ಉದ್ದನೆಯ ಸ್ಕ್ರೂಡ್ರೈವರ್. ಆಮೇಲೆ ಸ್ಟೆತಸ್ಕೋಪ್ ತಂದೆ. ನಡುವೆ ಫೋನಿನ ಆಪ್ ಕೂಡ ನೋಡಿದೆ. ಕೊನೆಗೆ ಕ್ಲಿಪ್ ಮೈಕಿನ ಸೆಟ್ ಕೊಂಡೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಕ್ಲಿಪ್ ಮೈಕು. ಆದರೆ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದೂ ಅದೇ.

ಸದ್ದು ಹೇಗಿತ್ತು ಅಂದರೆ, ಫೋರ್ ವೀಲ್ (ಮುಂದಿನ ಚಕ್ರಗಳಿಗೂ ಎಂಜಿನ್ ಬಲ ಕೊಡುವುದು) ಹಾಕಿಕೊಂಡು ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಟಕ್ ಅನ್ನುತ್ತಿತ್ತು. ಮತ್ತೆ ನೇರ ಮಾಡುವಾಗ ಇನ್ನೊಂದು ಟಕ್. ಭಾರ ಎಳೆಯುವಾಗ ಸಣ್ಣಗೆ ಗೊರಗೊರ. ಲಿವರ್ ತೆಗೆದು ಟೂ ವೀಲಿಗೆ ಬಂದರೆ ಎಲ್ಲ ಮಾಯ. ಹಾಗಾದರೆ ತೊಂದರೆ ಮುಂದಿನ ಡ್ರೈವಿನಲ್ಲಿದೆ ಅಂತಾಯಿತು. ಇಷ್ಟನ್ನು ತಿಳಿಯಲು ಒಂದು ಪೈಸೆ ಖರ್ಚಿಲ್ಲ, ಲಿವರ್ ಸಾಕು.

ಆದರೆ ಲಿವರ್ ಹೇಳುವ ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ. ಫೋರ್ ವೀಲ್ ತೆಗೆದರೆ ಮುಂದಿನ ಶಾಫ್ಟ್ (ಗೇರ್ ಬಾಕ್ಸಿನಿಂದ ಮುಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ದಂಡ) ನಿಂತುಬಿಡುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ನಿಲ್ಲುವುದಿಲ್ಲ. ಮುಂದಿನ ಚಕ್ರಗಳು ನೆಲದ ಮೇಲೆ ಉರುಳುತ್ತಲೇ ಇರುತ್ತವೆ, ಅವೇ ಆ ಶಾಫ್ಟನ್ನು ಆ ಕಡೆಯಿಂದ ತಿರುಗಿಸುತ್ತವೆ. ಹೋಗುವುದು ಭಾರ ಮಾತ್ರ. ಅಂದರೆ ನಿಜವಾಗಿ ಬೇರಿಂಗ್ ಹೋಗಿದ್ದರೆ ಟೂ ವೀಲಿನಲ್ಲೂ ಸ್ವಲ್ಪವಾದರೂ ಗೊರಗೊರ ಕೇಳಬೇಕು. ನನ್ನದರಲ್ಲಿ ಕೇಳುತ್ತಿರಲಿಲ್ಲ. ಇದನ್ನು ಒಂದು ನಿಮಿಷ ಕೂತು ಯೋಚಿಸಿದ್ದರೆ ಆ ಬೇರಿಂಗ್ ಇವತ್ತಿಗೂ ಚಕ್ರದಲ್ಲೇ ಇರುತ್ತಿತ್ತು.

ಈಗ ಸ್ಕ್ರೂಡ್ರೈವರ್. ತುದಿಯನ್ನು ಹೌಸಿಂಗಿಗೆ, ಅಂದರೆ ಬೇರಿಂಗ್ ಗೇರುಗಳನ್ನು ಮುಚ್ಚಿರುವ ಎರಕದ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದರೆ ಒಳಗಿನದು ಕೇಳುತ್ತದೆ. ಹಳೆಯ ಮೆಕ್ಯಾನಿಕ್‌ಗಳೆಲ್ಲ ಮಾಡುವುದು ಇದನ್ನೇ. ಅವರಿಗೆ ಕೆಲಸ ಮಾಡುತ್ತದೆ, ಯಾಕೆಂದರೆ ಸರಿ ಇರುವ ಹೌಸಿಂಗ್ ಹೇಗೆ ಕೇಳಬೇಕು ಅನ್ನುವುದು ಅವರ ತಲೆಯಲ್ಲಿದೆ. ನನ್ನ ತಲೆಯಲ್ಲಿ ಇರಲಿಲ್ಲ. ನಾಲ್ಕೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಕಡಿಮೆ ಗೇರಿನಲ್ಲಿ ತಿರುಗಿಸಿ ಕೇಳಿದೆ. ಎಡಗಡೆ ಜಾಸ್ತಿ, ಬಲಗಡೆ ಕಡಿಮೆ. ಸರಿ, ಎಡಗಡೆಯದೇ ಅಂತ ತೀರ್ಮಾನ ಮಾಡಿಬಿಟ್ಟೆ. ಬಿಚ್ಚಿದಾಗ ಗೊತ್ತಾಯಿತು, ಎಡಗಡೆಯ ಕೇಸಿನಲ್ಲಿ ಆಯಿಲ್ ಸ್ವಲ್ಪ ಕಡಿಮೆಯಿತ್ತು, ಅಷ್ಟೇ.

(ನಾಲ್ಕೂ ಚಕ್ರ ಎತ್ತುವ ಮಾತು ಸುಮ್ನೆ ಹೇಳಿದ್ದಲ್ಲ. ಫೋರ್ ವೀಲ್ ಹಾಕಿ ಮುಂದಿನವನ್ನು ಮಾತ್ರ ಎತ್ತಿದರೆ ಹಿಂದಿನ ಚಕ್ರ ಟ್ರ್ಯಾಕ್ಟರನ್ನು ಸ್ಟ್ಯಾಂಡಿನಿಂದ ಕೆಳಕ್ಕೆ ತಳ್ಳುತ್ತದೆ. ಕೆಳಗೆ ನೀವಿರುತ್ತೀರಿ.)

ಸ್ಟೆತಸ್ಕೋಪ್ ಇದಕ್ಕಿಂತ ಎಷ್ಟೋ ವಾಸಿ. ಡಾಕ್ಟರದ್ದೇ ತರ, ಆದರೆ ತುದಿಯಲ್ಲಿ ತಟ್ಟೆಯ ಬದಲು ಉದ್ದನೆಯ ಕಡ್ಡಿ. ಹೊರಗಿನ ಎಂಜಿನ್ ಗಲಾಟೆ ಕಡಿಮೆಯಾಗುತ್ತದೆ, ತಲೆಯನ್ನು ಯಂತ್ರದ ಹತ್ತಿರ ತೂರಿಸಬೇಕಾಗಿಲ್ಲ. ಕ್ಲಚ್ ಬೇರಿಂಗ್, ಗೇರ್ ಬಾಕ್ಸಿನ ಇನ್‌ಪುಟ್ ಬೇರಿಂಗ್, ಹೈಡ್ರಾಲಿಕ್ ಪಂಪ್ ಇವಕ್ಕೆಲ್ಲ ಇದೇ ಸಾಕು, ಯಾಕೆಂದರೆ ಇವು ಟ್ರ್ಯಾಕ್ಟರ್ ನಿಂತಿದ್ದಾಗಲೂ ತಿರುಗುತ್ತವೆ. ನ್ಯೂಟ್ರಲ್ಲಿನಲ್ಲಿ ಕ್ಲಚ್ ಒತ್ತಿದಾಗ ಸದ್ದು ಬಂದರೆ ಕ್ಲಚ್ ಬೇರಿಂಗ್, ಬಿಟ್ಟಾಗ ಬಂದರೆ ಇನ್‌ಪುಟ್ ಕಡೆ. ಬೆಲೆಯೂ ಕಡಿಮೆ.

ನನ್ನ ಸದ್ದು ಮಾತ್ರ ಚಕ್ರ ಗಾಳಿಯಲ್ಲಿದ್ದಾಗ ಬರುತ್ತಲೇ ಇರಲಿಲ್ಲ. ಭಾರ ಬೇಕು, ತಿರುವು ಬೇಕು. ಓಡುವ ಟ್ರ್ಯಾಕ್ಟರಿನ ಪಕ್ಕ ಕಡ್ಡಿ ಹಿಡಿದು ಓಡಲು ನನಗೆ ಧೈರ್ಯವಿಲ್ಲ, ಯಾರಿಗೂ ಇರಬಾರದು.

ಸದ್ದನ್ನು ಗ್ರಾಫ್ ಮಾಡಿ ತೋರಿಸುವ ಫೋನಿನ ಆಪ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಮೂರು ಸಿಲಿಂಡರಿನ ಎಂಜಿನ್ 2400 ಆರ್‌ಪಿಎಂನಲ್ಲಿದ್ದರೆ (ನಿಮಿಷಕ್ಕೆ ಅಷ್ಟು ಸುತ್ತು) ಸೆಕೆಂಡಿಗೆ 60 ಸಲ ಹೊಡೆಯುತ್ತದೆ. ಗ್ರಾಫಿನಲ್ಲಿ ಕಾಣುವುದು ಆ 60, ಅದರ ದುಪ್ಪಟ್ಟು, ಮುಪ್ಪಟ್ಟು. ಉಳಿದದ್ದೆಲ್ಲ ಅದರಡಿ ಹುಗಿದುಹೋಗುತ್ತದೆ. ಮೇಲಾಗಿ ಫೋನು ಮನುಷ್ಯರ ಮಾತಿಗೆ ಅಂತ ಸದ್ದನ್ನು ತಾನೇ ಸೋಸುತ್ತದೆ. ರಿಪೇರಿಗೆ ಮುಂಚೆ ಮತ್ತು ಆಮೇಲೆ ಸೀಟಿನ ಮೇಲಿಂದ ಒಂದೊಂದು ರೆಕಾರ್ಡಿಂಗ್ ಇಟ್ಟುಕೊಳ್ಳಲು ಚೆನ್ನ.

ಇನ್ನು ಕ್ಲಿಪ್ ಮೈಕು. ನನ್ನ ಸೆಟ್ಟಿನಲ್ಲಿ ನಾಲ್ಕು ಕ್ಲಿಪ್, ನಾಲ್ಕು ಉದ್ದ ವೈರು, ಒಂದು ಸ್ವಿಚ್ ಪೆಟ್ಟಿಗೆ, ಒಂದು ಹೆಡ್‌ಫೋನ್. ಕ್ಲಿಪ್ಪುಗಳನ್ನು ಯಂತ್ರದ ನಾಲ್ಕು ಕಡೆ ಕಚ್ಚಿಸಿ, ಸೀಟಿನಲ್ಲಿ ಕೂತು, ಕೆಲಸ ಮಾಡುತ್ತಲೇ ಒಂದೊಂದಾಗಿ ಕೇಳಬಹುದು. ನಾನು ಒಂದನೆಯದನ್ನು ಗೇರ್ ಬಾಕ್ಸಿನಿಂದ ಮುಂದಿನ ಶಾಫ್ಟ್ ಹೊರಬರುವ ಕಡೆ ಹಾಕಿದೆ. ಎರಡನೆಯದು ಆ ಶಾಫ್ಟಿನ ಮುಂದಿನ ತುದಿಗೆ, ಎಡ ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಹತ್ತಿರ. ಮೂರು, ನಾಲ್ಕು ಎಡ ಬಲ ಚಕ್ರದ ಕೇಸುಗಳಿಗೆ.

ಮೊದಲ ಸಲ ಓಡಿಸಿ ನೋಡಿದ್ದು ಕಾಂಕ್ರೀಟಿನ ಮೇಲೆ. ಅದು ತಪ್ಪು. ಈ ಟ್ರ್ಯಾಕ್ಟರುಗಳಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇಕಡಾ 1ರಿಂದ 5ರಷ್ಟು ಮುಂದೆ ಓಡುವ ಹಾಗೆ ಗೇರ್ ಹಾಕಿರುತ್ತಾರೆ. ಮಣ್ಣಿನಲ್ಲಿ ಆ ಹೆಚ್ಚುವರಿ ಜಾರಿ ಹೋಗುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಜಾಗವಿಲ್ಲ. ಶಾಫ್ಟು, ಗೇರು ಎಲ್ಲ ಬಿಗಿದುಕೊಂಡು ಚಟ್ ಚಟ್ ಅನ್ನುತ್ತವೆ. ಹೊಸ ಟ್ರ್ಯಾಕ್ಟರೂ ಅಲ್ಲಿ ಗೊಣಗುತ್ತದೆ. ಮುಂದೊಂದು ಹಿಂದೊಂದು ಅಳತೆ ತಪ್ಪಿದ ಟೈರ್ ಇದ್ದರೆ ಇನ್ನೂ ಜಾಸ್ತಿ. ಮಣ್ಣಿಗೆ ಇಳಿದ ಮೇಲೆ ಈ ಸದ್ದುಗಳೆಲ್ಲ ಹೋದವು.

ಆದರೆ ಎರಡನೇ ಕ್ಲಿಪ್ಪಿನಲ್ಲಿ ಒಂದು ಸದ್ದು ಉಳಿಯಿತು. ಕಟಕಟಕಟ, ಒಣಗಿದ ಕಾಯಿ ಅಲ್ಲಾಡಿಸಿದ ಹಾಗೆ, ಸ್ಪಷ್ಟವಾಗಿ. ಒಂದು, ಮೂರು, ನಾಲ್ಕರಲ್ಲಿ ಇಲ್ಲ. ನನಗೆ ಖುಷಿಯಾಯಿತು. ಸಿಕ್ಕಿತು ಕಳ್ಳ, ಡಿಫರೆನ್ಷಿಯಲ್ಲಿನ ಪಿನಿಯನ್ (ಶಾಫ್ಟು ತಿರುಗಿಸುವ ಸಣ್ಣ ಗೇರ್) ಬೇರಿಂಗ್ ಅಂದುಕೊಂಡೆ.

ಹಿಂದಿನ ಅನುಭವ ಇತ್ತಲ್ಲ, ಈ ಸಲ ಬಿಚ್ಚುವ ಮುಂಚೆ ಪರೀಕ್ಷೆ ಮಾಡಿದೆ. ಕ್ಲಿಪ್ಪೇ ಹಾಳಾಗಿದ್ದರೆ? ಅದಕ್ಕೆ ಎರಡನೆಯದನ್ನು ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಎರಡನೆಯದರ ಜಾಗಕ್ಕೆ ಹಾಕಿದೆ. ಕಟಕಟ ಈಗ ಮೂರನೇ ಕ್ಲಿಪ್ಪಿನಲ್ಲಿ ಕೇಳಿಸಿತು. ಅಂದರೆ ಸದ್ದು ಕ್ಲಿಪ್ಪಿನದಲ್ಲ, ಜಾಗದ್ದು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಪಿನಿಯನ್ ಬೇರಿಂಗ್ ತರಿಸಲು ಅಂಗಡಿಗೆ ಹೇಳಿಯೂ ಬಿಟ್ಟೆ.

ಎರಡು ಸಂಜೆ ಇದರಲ್ಲೇ ಹೋಯಿತು. ಮಣ್ಣಲ್ಲಿ ಹೋಗುವುದು, ಬರುವುದು, ಕೇಳುವುದು. ಭಾರ ಹಾಕಿದರೂ ಕಟಕಟ, ತೆಗೆದರೂ ಕಟಕಟ. ತಿರುವಿನಲ್ಲಿ ಬದಲಾಗಬೇಕಿತ್ತು, ಬದಲಾಗುತ್ತಿರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಉತ್ತರ ಸಿಕ್ಕಿದೆ ಅಂತ ತಲೆ ಒಪ್ಪಿಕೊಂಡಾಗಿತ್ತು.

ಮೂರನೇ ದಿನ ಹೆಡ್‌ಫೋನ್ ಹಾಕಿಕೊಂಡೇ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದೆ. ಇನ್ನೂ ಗೇರ್ ಹಾಕಿರಲಿಲ್ಲ. ಕಿವಿಯಲ್ಲಿ ಕಟಕಟಕಟ! ಟ್ರ್ಯಾಕ್ಟರ್ ನಿಂತಿದೆ. ಚಕ್ರ ನಿಂತಿದೆ. ಚಕ್ರ ನಿಂತಿದ್ದರೆ ಪಿನಿಯನ್ ತಿರುಗಲು ಸಾಧ್ಯವೇ ಇಲ್ಲ. ಆಕ್ಸಿಲರೇಟರ್ ಏರಿಸಿದೆ, ಕಟಕಟ ಜೋರಾಯಿತು. ಅಂದರೆ ಅದು ಎಂಜಿನ್ನಿನ ಕಂಪನದ ಜೊತೆ ಬರುತ್ತಿದ್ದ ಸದ್ದು.

ಕೆಳಗೆ ಬಗ್ಗಿ ನೋಡಿದರೆ ವಿಷಯ ಇಷ್ಟೇ. ಒಂದು, ಮೂರು, ನಾಲ್ಕು ಕಚ್ಚಿದ್ದು ಎರಕದ ಗಟ್ಟಿ ಹೌಸಿಂಗಿನ ಅಂಚಿಗೆ. ಎರಡನೇ ಜಾಗದಲ್ಲಿ ಕಚ್ಚಲು ಸುಲಭವಾಗಿ ಸಿಕ್ಕಿದ್ದು ಶಾಫ್ಟಿನ ಕವರಿನ ತೆಳು ತಗಡು. ತಗಡು ನಡುಗುತ್ತಿತ್ತು, ಕ್ಲಿಪ್ಪಿನ ಹಲ್ಲು ಅದರ ಮೇಲೆ ಕುಣಿಯುತ್ತಿತ್ತು. ಜಾಗ ಬದಲಿಸಿದ ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಸದ್ದು ಜಾಗದ್ದೇ. ಆದರೆ ಟ್ರ್ಯಾಕ್ಟರಿನ ರೋಗದ್ದಲ್ಲ, ನಾನು ತಂದಿಟ್ಟ ಕ್ಲಿಪ್ಪು ಹುಟ್ಟಿಸಿದ್ದು.

ಈಗ ನನ್ನ ಅಭ್ಯಾಸ ಬೇರೆ. ಕ್ಲಿಪ್ ಹಾಕುವ ಜಾಗದ ಕೆಸರು, ಗ್ರೀಸ್ ಬಟ್ಟೆಯಲ್ಲಿ ಒರೆಸುತ್ತೇನೆ. ತಗಡಿಗೆ ಕಚ್ಚಿಸುವುದಿಲ್ಲ, ಎರಕದ ಅಂಚು ಅಥವಾ ದಪ್ಪ ಬೋಲ್ಟಿನ ತಲೆಯೇ ಬೇಕು. ಕ್ಲಿಪ್ಪಿನ ಬಾಯಿಗೆ ಕೇಬಲ್ ಟೈ ಬಿಗಿಯುತ್ತೇನೆ. ವೈರುಗಳನ್ನು ತಿರುಗುವ ಯಾವುದಕ್ಕೂ ತಾಗದ ಹಾಗೆ ಕಟ್ಟುತ್ತೇನೆ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಸುತ್ತ ಮೇಲೆ ಕೆಳಗೆ ಆಡುತ್ತದೆ, ಚಕ್ರವೂ ತಿರುಗುತ್ತದೆ, ಅದಕ್ಕೆ ಅಲ್ಲಿ ವೈರು ಸಡಿಲ ಬಿಡಬೇಕು. ಆಮೇಲೆ ಹೊರಡುವ ಮುಂಚೆ ನ್ಯೂಟ್ರಲ್ಲಿನಲ್ಲಿ ಒಮ್ಮೆ ಎಂಜಿನ್ ಏರಿಸಿ ನಾಲ್ಕನ್ನೂ ಕೇಳುತ್ತೇನೆ. ಆಗ ಕೇಳಿದ್ದು ಯಾವುದೂ ಚಕ್ರದ ಕಡೆಯದ್ದಲ್ಲ.

ಹೀಗೆ ಸರಿ ಮಾಡಿಕೊಂಡ ಮೇಲೆ ಉತ್ತರ ಸಿಗಲು ಒಂದು ತಿರುವು ಸಾಕಾಯಿತು. ಒಂದನೇ ಕ್ಲಿಪ್ಪಿನಲ್ಲಿ ಟಕ್ ಅಂತ ಸುತ್ತಿಗೆ ಹೊಡೆದ ಹಾಗೆ. ಎರಡರಲ್ಲಿ ಅದೇ, ಆದರೆ ಮೆತ್ತಗೆ. ಮೂರು, ನಾಲ್ಕರಲ್ಲಿ ದೂರದಿಂದ ಬಂದ ಹಾಗೆ. ಗೇರ್ ಬಾಕ್ಸಿನ ಕಡೆಯ ಕಪ್ಲಿಂಗ್, ಶಾಫ್ಟನ್ನು ಗೇರ್ ಬಾಕ್ಸಿಗೆ ಜೋಡಿಸುವ ತುಂಡು!

ಕವರ್ ಸರಿಸಿ, ಪಿನ್ ಹೊಡೆದು ತೆಗೆದು ನೋಡಿದೆ. ಕಪ್ಲಿಂಗಿನ ಒಳಗಿನ, ಶಾಫ್ಟಿನ ಹಲ್ಲುಗಳನ್ನು ಹಿಡಿಯುವ ಸ್ಪ್ಲೈನ್ ಹಲ್ಲುಗಳು ಸವೆದು ಚೂಪಾಗಿದ್ದವು. ಗ್ರೀಸ್ ಒಣಗಿ ಕೆಂಪು ಪುಡಿಯಾಗಿತ್ತು. ತಿರುವಿನಲ್ಲೇ ಯಾಕೆ ಟಕ್ ಅನ್ನುತ್ತಿತ್ತು ಅನ್ನುವುದೂ ಆಗ ಅರ್ಥವಾಯಿತು. ನೇರ ಹೋಗುವಾಗ ಶಾಫ್ಟು ಮುಂದಿನ ಚಕ್ರವನ್ನು ಎಳೆಯುತ್ತದೆ. ತಿರುಗುವಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಆಗ ಅದೇ ಶಾಫ್ಟನ್ನು ತಳ್ಳಲು ಶುರು ಮಾಡುತ್ತದೆ. ಭಾರ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುವಾಗ ಸವೆದ ಹಲ್ಲಿನ ಸಂದು ಟಕ್ ಅನ್ನುತ್ತದೆ. ಶಾಫ್ಟಿನ ಹಲ್ಲು ಪುಣ್ಯಕ್ಕೆ ಚೆನ್ನಾಗಿತ್ತು. ಕಪ್ಲಿಂಗ್, ಸೀಲು, ಹೊಸ ಗ್ರೀಸ್, ಅಷ್ಟೇ. ಪಿನಿಯನ್ ಬೇರಿಂಗ್ ಬೇಡ ಅಂತ ಹೇಳಿ ಬೈಸಿಕೊಂಡೆ.

ಆಯಿಲ್ ಬಗ್ಗೆ ಒಂದು ಮಾತು. ಯಾವ ಉಪಕರಣ ಕೊಳ್ಳುವ ಮುಂಚೆಯೂ ಡ್ರೈನ್ ಬೋಲ್ಟ್ ಬಿಚ್ಚಿ ನೋಡಿ. ಬೂದಿಯಂಥ ನುಣ್ಣನೆ ಪೇಸ್ಟ್ ಇದ್ದರೆ ಸಹಜ ಸವೆತ, ಚೂರು ಚಕ್ಕೆ ಇದ್ದರೆ ಗೇರೋ ಬೇರಿಂಗೋ ಒಡೆದಿದೆ. ನನ್ನದರಲ್ಲಿ ಪೇಸ್ಟ್ ಮಾತ್ರ ಇತ್ತು, ಅದನ್ನೂ ನಾನು ನೋಡಿದ್ದು ಕೊನೆಗೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಾನು ಒಬ್ಬನೇ ಕೆಲಸ ಮಾಡುವವನು. ಓಡಿಸಲು ಇನ್ನೊಬ್ಬರು ಸಿಗುವುದಿಲ್ಲ, ಸಿಕ್ಕರೂ ಪಕ್ಕದಲ್ಲಿ ನಡೆಯುತ್ತಾ ಕೇಳುವ ಆಟ ಬೇಡ. ಹಳೆಯ ಟ್ರ್ಯಾಕ್ಟರ್ ಇದೆ, ಸದ್ದು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಸ್ಟೆತಸ್ಕೋಪಿನ ಹಲವು ಪಟ್ಟು ಕೊಟ್ಟು ಕ್ಲಿಪ್ ಮೈಕು ಕೊಂಡಿದ್ದು ನನಗೆ ದುಬಾರಿ ಅನಿಸಿಲ್ಲ. ಬೇಡದ ಆ ಒಂದು ಬೇರಿಂಗಿಗೆ, ಅದರ ಸೀಲಿಗೆ, ಆಯಿಲಿಗೆ ಸುರಿದದ್ದು ಇದಕ್ಕಿಂತ ಜಾಸ್ತಿ. ವರ್ಷಕ್ಕೊಂದು ಸಲ ಕ್ಲಚ್ಚೋ ಪಂಪೋ ಕೇಳುವವರಿಗೆ ಸ್ಟೆತಸ್ಕೋಪ್ ಸಾಕೇ ಸಾಕು. ಸ್ಕ್ರೂಡ್ರೈವರನ್ನು ಸ್ಕ್ರೂ ಬಿಚ್ಚಲು ಇಟ್ಟುಕೊಳ್ಳಿ.

ಮೂರನೇ ಕ್ಲಿಪ್ಪಿನ ಸ್ಪ್ರಿಂಗ್ ಈಗ ಸಡಿಲವಾಗಿದೆ. ಬಿಚ್ಚುವ ಕೆಲಸ ಇದ್ದಾಗ ಮ್ಯಾನುಯಲ್ಲಿನ ಹಾಳೆ ಗಾಳಿಗೆ ಮಗುಚದ ಹಾಗೆ ಹಿಡಿಯುವುದು ಅದೇ.